ಪೇಪರ್ ಬಿಟ್ಟು ಎಂಪಿ ಎಲೆಕ್ಷನ್‌ಗೆ ನಿಂತಿದ್ದು – ನನ್ನ ಅನುಭವ

ಪತ್ರಕರ್ತರು ರಾಜಕೀಯಕ್ಕ ಹೊಂಟ್ರು ಅಂದ್ರ ಎಲ್ರೂ ಪ್ರತಾಪ್ ಸಿಂಹ ಅವ್ರ ಹೆಸರು ತಗೀತಾರ, ಕಾಲಂ ಬರೀತಿದ್ದವ್ರು 2014ರಾಗ ಮೈಸೂರು-ಕೊಡಗಿನಿಂದ ಎಂಪಿ ಆದ್ರು, 2019ರಾಗ ಮತ್ತ ಗೆದ್ರು. ಖರೇನ, ಆದ್ರ ಅವ್ರ ಹಿಂದ ಪಾರ್ಟಿ ಇತ್ತು. ನಾ 2024ರಾಗ ಧಾರವಾಡ ಲೋಕಸಭಾಕ್ಕ ನಿಂತಿದ್ದು ಪಕ್ಷೇತರ. ಗೆದ್ದಿಲ್ಲ ಅಂತ ಬ್ಯಾರೆ ಹೇಳೂದೇನ್ ಬ್ಯಾಡ. ಎಲೆಕ್ಷನ್‌ಗೆ ನಿಲ್ಲೂದು ಹೆಂಗ್ರಿ ಅಂತ ನಮ್ಮ ಫೀಲ್ಡಿನ ಹುಡುಗ್ರು ಕೇಳ್ತಿರ್ತಾರ, ಅದಕ್ಕ ಬರ್ಯಾಕತ್ತೀನಿ.

ರಾಜೀನಾಮೆ ಕೊಟ್ಟ ಮ್ಯಾಲೆ ಮೊದ್ಲು ಬ್ಯಾಂಕು. ಎಲೆಕ್ಷನ್ ಖರ್ಚಿಗಂತನ ಬ್ಯಾರೆ ಅಕೌಂಟ್ ಬೇಕು, ನಾಮಿನೇಷನ್ ಹಿಂದಿನ ದಿನದೊಳಗ ತಗದಿರಬೇಕು. ದೊಡ್ಡ ಪಾರ್ಟಿಯವ್ರಿಗೆ ಸೂಚಕರು, ಅಂದ್ರ ನಾಮಿನೇಷನ್‌ಗೆ ನಮ್ಮ ಹೆಸರು ಸೂಚಿಸಿ ಸಹಿ ಮಾಡೂವ್ರು, ಒಬ್ರು ಸಾಕು, ನಮ್ಮಂಥವ್ರಿಗೆ 10 ಮಂದಿ, ಎಲ್ರೂ ಅದ ಕ್ಷೇತ್ರದ ವೋಟರ್ ಇರಬೇಕು. ಇಲ್ಲೇ ಗೊಂದಲ ಆಗ್ತೈತಿ, ಶಿಗ್ಗಾವಿ ಹಾವೇರಿ ಜಿಲ್ಲಾ ಇದ್ರೂ ಧಾರವಾಡ ಲೋಕಸಭಾಕ್ಕ ಬರ್ತೈತಿ, ಗದಗ ಹಾವೇರಿ ಲೋಕಸಭಾಕ್ಕ ಹೋಗ್ತೈತಿ, ಹಿಂಗಾಗಿ ವೋಟರ್ ಲಿಸ್ಟ್ ಹಿಡ್ಕೊಂಡ ಸಹಿ ತಗೋರಿ. ಡಿಪಾಜಿಟ್ 25,000. ಖರ್ಚಿನ ಲಿಮಿಟ್ 95 ಲಕ್ಷ, ನನಗ ಅದರ ಚಿಂತಿ ಬರಲಿಲ್ಲ ಬಿಡ್ರಿ.

ಪತ್ರಕರ್ತರಿಗೆ ಖರೇ ಫಜೀತಿ ಇರೂದು ಫಾರ್ಮ್ 26, ಅಂದ್ರ ಅಫಿಡವಿಟ್‌ನ್ಯಾಗ. ಒಂದೂ ಕಾಲಂ ಖಾಲಿ ಬಿಡಂಗಿಲ್ಲ, ಏನೂ ಇಲ್ಲಂದ್ರ ಇಲ್ಲ ಅಂತನ ಬರೀಬೇಕು. ಅದ್ರಾಗ ಕೋರ್ಟಿನ್ಯಾಗಿರೂ ಕ್ರಿಮಿನಲ್ ಕೇಸ್ ಬರ್ಕೋಡಬೇಕು. ನಮ್ಮ ಮ್ಯಾಲೆ ಕಳವು ಕೊಲಿ ಎಲ್ಲಿಂದ ಬರಬೇಕು, ಇದ್ದಿದ್ದು ಮಾನನಷ್ಟದ್ದು, ಆಗಿನ ಐಪಿಸಿ ಕಲಂ 500. ಯಾವದೋ ಕಾಮಗಾರಿ ಬಗ್ಗೆ ಬರ್ದಿದ್ದಕ್ಕ ಗುತ್ತಿಗೆದಾರ ಒಬ್ರು ಹಾಕಿದ್ರು, ತಾರೀಖಿನ ಮ್ಯಾಲೆ ತಾರೀಖು ನಡ್ದಿತ್ತು. ಕೇಸ್ ಇದ್ರ ಅಷ್ಟಕ್ಕ ಮುಗ್ಯಂಗಿಲ್ಲ, ನನ್ನ ಮ್ಯಾಲೆ ಹಿಂಗ ಕ್ರಿಮಿನಲ್ ಕೇಸ್ ಐತಿ ಅಂತ ಪೇಪರ್‌ನ್ಯಾಗೂ ಟಿವಿಯಾಗೂ 3 ಸಲ ನಾವ ರೊಕ್ಕ ಕೊಟ್ಟು ಜಾಹೀರಾತು ಹಾಕಬೇಕು, ಅಕ್ಷರ 12 ಪಾಯಿಂಟ್‌ಗಿಂತ ಸಣ್ಣ ಇರಬಾರ್ದು. ವರದಿ ಬರ್ದಾಗ ಒಳಪುಟದ ಮೂಲ್ಯಾಗ ಹಾಕಿದ್ರು, ಕೇಸಿನ ಜಾಹೀರಾತು ಅದಕ್ಕಿಂತ ಛಲೋ ಜಾಗಾದಾಗ ಬಂತು!

ಅದೇ ಟೈಮಿಗೆ ಪರಿಚಯದವ್ರ ಒಬ್ರು ‘ಪ್ಯಾಕೇಜ್ ಮಾತಾಡೂಣೇನ್ರಿ ಸರ್’ ಅಂತ ಫೋನ್ ಹಚ್ಚಿದ್ರು, ಅಂದ್ರ ರೊಕ್ಕ ತಗೊಂಡು ನಮ್ಮ ಪರ ಸುದ್ದಿ ಹಾಕೂ ವ್ಯವಹಾರ. ಫೋನ್ ಇಟ್ಟೆ.

ಇನ್ನ ಪ್ರಚಾರ. ಇಷ್ಟು ವರ್ಷ ಬರ್ದೀನಿ, ಮಂದಿಗೆ ಹೆಸರು ಗೊತ್ತಿರತೈತಿ ಅಂತ ನಮಗನಸ್ತೈತಿ, ಆದ್ರ ಬರ್ದಿದ್ರಾಗ ಅರ್ಧಕ್ಕರ್ಧ ‘ನಮ್ಮ ಪ್ರತಿನಿಧಿಯಿಂದ’ ಅಂತನ ಹೋಗಿರತೈತಿ, ಹೆಸರು ಯಾರಿಗೆ ಗೊತ್ತಾಗಬೇಕು? ಕುಂದಗೋಳ ಕಡೆ ಒಂದ್ ಊರಾಗ ಪೇಪರ್‌ದಾಗಿದ್ದೆರಿ ಅಂದ ಕೂಡ್ಲೆ ಕಟ್ಟಿ ಮ್ಯಾಲೆ ಕುಂತಿದ್ದ ಅಜ್ಜಾರು ‘ಈ ತಿಂಗಳ ಬಿಲ್ ಕೊಟ್ಟಾಗೇತಲ್ಲೋ ತಮ್ಮಾ’ ಅಂದ್ರು. ನವಲಗುಂದದಾಗ ಮಾತ್ರ ಗುರುತು ಹಿಡಿದ್ರು, ಮಹದಾಯಿ ಹೋರಾಟಕ್ಕ ವರದಿ ಮಾಡಾಕ ಹೋಗಿದ್ದೆ ಅಂತ. ಆದ್ರ ಆಗ ಪ್ರಶ್ನೆ ಕೇಳಾಂವ ನಾ ಇದ್ದೆ, ಈಗ ಅವ್ರು ಚಾಲೂ ಮಾಡಿದ್ರು, 2018ರಾಗ ನದಿ ನೀರಿನ ಟ್ರಿಬ್ಯೂನಲ್ ಕರ್ನಾಟಕಕ್ಕ 13.42 ಟಿಎಂಸಿ ಅಂತ ತೀರ್ಪು ಕೊಟ್ಟೈತಿ, ನೀರೆಲ್ಲಿ, ನೀ ಡೆಲ್ಲಿಗೆ ಹೋಗಿ ಏನ್ ಮಾಡ್ತಿ? ಸಂಸತ್ತಿನ್ಯಾಗ ಕೇಳ್ತೀನ್ರಿ ಅಂದೆ. ‘ಕೇಳೂದು ಪೇಪರ್‌ನ್ಯಾಗೂ ಕೇಳ್ತಿದ್ದೆಲ್ಲ’ ಅಂದ್ರು. ಅದಕ್ಕ ಉತ್ತರ ನನ್ನ ಹತ್ರ ಇರಲಿಲ್ಲ, ಈಗ್ಲೂ ಇಲ್ಲ.

ಡಿಪಾಜಿಟ್ ಉಳೀಬೇಕಂದ್ರ ಆರರಾಗ ಒಂದು ಪಾಲಿಗಿಂತ ಜಾಸ್ತಿ ವೋಟ್ ಬೇಕು, ಉಳೀಲಿಲ್ಲ. ಸೋತೀವಿ, ಇನ್ನೇನು ಲೆಕ್ಕ ಅಂತ ಬಿಡಬ್ಯಾಡ್ರಿ, ರಿಸಲ್ಟ್ ಬಂದ 30 ದಿನದೊಳಗ ಖರ್ಚಿನ ಲೆಕ್ಕ ಡಿಸಿ ಆಫೀಸಿಗೆ ಮುಟ್ಟಬೇಕು, ಇಲ್ಲಾಂದ್ರ 3 ವರ್ಷ ಎಲೆಕ್ಷನ್‌ಗೆ ನಿಲ್ಲದಂಗ ಮಾಡಬಹುದು. ನಾ ಚಹಾದ ಬಿಲ್ ಸಮೇತ ಕೊಟ್ಟೀನಿ. ಕೊಟ್ಟಿದ್ದಕ್ಕ ಸ್ವೀಕೃತಿ ಇಸ್ಕೊಂಡ ಬರ್ರಿ.