ಬ್ಲಾಕ್ ಮಾಡಿದರೆ ಆ ಕಡೆ ಏನು ಕೇಳಿಸುತ್ತದೆ? ಮೊಬೈಲ್ ಅಂಗಡಿಯವನ ಅನುಭವ

ಮೊಬೈಲ್ ಅಂಗಡಿಗೆ ಜನ ಕವರ್, ಚಾರ್ಜರ್, ಟೆಂಪರ್ಡ್ ಗ್ಲಾಸಿಗೆ ಮಾತ್ರ ಬರುತ್ತಾರೆ ಅಂದುಕೊಂಡರೆ ತಪ್ಪು. ರೀಚಾರ್ಜ್ ನೆಪದಲ್ಲಿ ನಿಂತು, ಬೇರೆ ಗಿರಾಕಿ ಹೋಗುವ ತನಕ ಕಾದು, ದನಿ ತಗ್ಗಿಸಿ ಕೇಳುವ ಪ್ರಶ್ನೆಗಳೇ ಬೇರೆ. "ನನ್ನ ನಂಬರ್ ಬ್ಲಾಕ್ ಮಾಡವ್ರೆ ಅಂತ ಹೆಂಗಣ್ಣ ಗೊತ್ತಾಗೋದು?" ಅನ್ನುವುದು ಒಂದು. "ಬ್ಲಾಕ್ ಮಾಡಿದ್ರೂ ಕಾಲ್ ಬತ್ತಾನೇ ಐತಲ್ಲ, ಏನ್ ಕರ್ಮ ಇದು" ಅನ್ನುವುದು ಇನ್ನೊಂದು. ತಿಪಟೂರಿನಲ್ಲಿ ಅಂಗಡಿ ಹಾಕಿದಾಗಿನಿಂದ ಈ ಎರಡನ್ನು ಕೇಳಿ ಕೇಳಿ ಸಾಕಾಗಿ, ಯಾರೋ ವಿಡಿಯೋದಲ್ಲಿ ಹೇಳಿದ್ದನ್ನು ಒಪ್ಪಿಸುವ ಬದಲು ಕಿವಿಯಾರೆ ಕೇಳಿಬಿಡೋಣ ಅಂತ ಗಿರಾಕಿ ಕಡಿಮೆ ಇದ್ದ ಒಂದು ಮಧ್ಯಾಹ್ನ ಕೌಂಟರ್ ಮೇಲೆ ಫೋನುಗಳನ್ನು ಹರಡಿಕೊಂಡು ಕೂತೆ. ನನ್ನ ಎರಡು ಸಿಮ್ಮಿನ ಆಂಡ್ರಾಯ್ಡ್, ಮಾರಾಟಕ್ಕೆ ಬಂದಿದ್ದ ಹಳೆಯ ಐಫೋನ್, ಕರೆ ಮಾಡಲು ತಮ್ಮನ ಫೋನ್.

ತಮ್ಮನ ನಂಬರನ್ನು ನನ್ನ ಫೋನಿನಲ್ಲಿ ಬ್ಲಾಕ್ ಮಾಡಿ, ಅವನ ಫೋನನ್ನು ಸ್ಪೀಕರಿಗೆ ಹಾಕಿ ನನಗೆ ಡಯಲ್ ಮಾಡಿಸಿದೆ. ಮೊದಲು ಸ್ವಲ್ಪ ಹೊತ್ತು ಮೌನ. ಆಮೇಲೆ ರಿಂಗ್ ಶುರುವಾಯಿತು, ಆದರೆ ಪೂರ್ತಿ ಒಂದು ರಿಂಗೂ ಆಗಲಿಲ್ಲ, ಮಧ್ಯದಲ್ಲೇ ಕತ್ತರಿಸಿದ ಹಾಗೆ ನಿಂತಿತು. ಹಿಂದೆಯೇ ನಮಗೆಲ್ಲ ಪರಿಚಯದ ಆ ಹೆಣ್ಣುದನಿ: ಚಂದಾದಾರರು ಬೇರೆ ಕರೆಯಲ್ಲಿ ನಿರತರಾಗಿದ್ದಾರೆ, ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ. ಇತ್ತ ನನ್ನ ಫೋನ್ ಕಲ್ಲಿನಂತೆ ಬಿದ್ದಿತ್ತು. ಸ್ಕ್ರೀನ್ ಬೆಳಗಲಿಲ್ಲ, ವೈಬ್ರೇಟ್ ಆಗಲಿಲ್ಲ. ಕಾಲ್ ಹಿಸ್ಟರಿ ತೆರೆದು ನೋಡಿದರೆ ಮಾತ್ರ ತಮ್ಮನ ನಂಬರಿನ ಪಕ್ಕ ಬ್ಲಾಕ್ ಆದ ಕರೆ ಅನ್ನುವ ಸಣ್ಣ ಗುರುತು.

ಆ ಅರ್ಧ ರಿಂಗಿನಲ್ಲೇ ಎಲ್ಲ ವಿಷಯ ಇದೆ. ನೀವು ಯಾರನ್ನು ಬ್ಲಾಕ್ ಮಾಡಿದ್ದೀರಿ ಅನ್ನುವುದು ಸಿಮ್ ಕಂಪನಿಗೆ ಗೊತ್ತೇ ಇರುವುದಿಲ್ಲ. ಆ ಪಟ್ಟಿ ಇರುವುದು ನಿಮ್ಮ ಹ್ಯಾಂಡ್‌ಸೆಟ್ಟಿನ ಒಳಗೆ. ಹಾಗಾಗಿ ಕಂಪನಿ ತನ್ನ ಕೆಲಸ ತಾನು ಮಾಡುತ್ತದೆ: ನೀವು ಯಾವ ಟವರಿನ ಕೆಳಗಿದ್ದೀರೋ ಹುಡುಕಿ, ಕರೆಯನ್ನು ನಿಮ್ಮ ಫೋನಿನ ತನಕ ತಂದು ಮುಟ್ಟಿಸುತ್ತದೆ. ಫೋನಿನ ಸಾಫ್ಟ್‌ವೇರ್ ನಂಬರನ್ನು ನೋಡಿ, ಪಟ್ಟಿಯಲ್ಲಿದೆ ಅಂತ ಗೊತ್ತಾದ ಕೂಡಲೇ ನಿಮಗೆ ಹೇಳದೆ ತಾನೇ ಕತ್ತರಿಸುತ್ತದೆ. ನೀವು ಕೆಂಪು ಬಟನ್ ಒತ್ತಿದ್ದರೂ ಕಂಪನಿಗೆ ಕಾಣುವುದು ಹೆಚ್ಚುಕಡಿಮೆ ಇದೇ. ನೆಟ್‌ವರ್ಕಿನ ಲೆಕ್ಕದಲ್ಲಿ ಕರೆ ಕಡಿದದ್ದಕ್ಕೆ ಒಂದೊಂದು ಕಾರಣದ ಸಂಖ್ಯೆ ಇರುತ್ತದೆ. 17 ಅಂದರೆ ಬಿಜಿ, 21 ಅಂದರೆ ಕರೆ ನಿರಾಕರಿಸಲಾಗಿದೆ. ಬ್ಲಾಕ್ ಮಾಡಿದ್ದಾರೆ ಅಂತ ನಮ್ಮ ಹ್ಯಾಂಡ್‌ಸೆಟ್ ಬೇರೆಯಾಗಿ ಬಾಯಿ ಬಿಡುವುದಿಲ್ಲ. ಸಾಲ ಕೊಟ್ಟವನು ಬಾಗಿಲಿಗೆ ಬಂದಾಗ ಮಗು ಹೊರಗೆ ಬಂದು "ಅಪ್ಪ ಮನೇಲಿಲ್ಲ" ಅನ್ನುತ್ತದಲ್ಲ, ಹಾಗೆ. ಅದಕ್ಕೇ ಕರೆ ಮಾಡಿದವರಿಗೆ ಕೇಳಿಸುವುದು "ನಿರತರಾಗಿದ್ದಾರೆ" ಅನ್ನುವ ಮಾತು.

ಇದು ತಲೆಗೆ ಹತ್ತಿದ ಮೇಲೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಂಡಿತು. ಒಂದು ಸಿಮ್ಮಿಗೆ ಬರುವ ನಂಬರನ್ನು ಬ್ಲಾಕ್ ಮಾಡಿದರೆ ಇನ್ನೊಂದು ಸಿಮ್ಮಿಗೂ ಅವರ ಕರೆ ಬರುವುದಿಲ್ಲ, ಪಟ್ಟಿ ಫೋನಿನದ್ದೇ ಹೊರತು ಸಿಮ್ಮಿನದ್ದಲ್ಲ. ಅದೇ ಸಿಮ್ಮನ್ನು ತೆಗೆದು ಕೀಪ್ಯಾಡ್ ಫೋನಿಗೆ ಹಾಕಿದೆ, ತಮ್ಮನ ಕರೆ ಸಲೀಸಾಗಿ ಬಂತು. ನನ್ನ ಫೋನ್ ಆಫ್ ಮಾಡಿಟ್ಟರೆ ಬ್ಲಾಕ್ ಆದವನಿಗೂ ಎಲ್ಲರ ಹಾಗೆ ಸ್ವಿಚ್ ಆಫ್ ಅಂತಲೇ ಬರುತ್ತದೆ. ಐಫೋನಿನಲ್ಲೂ ಕೇಳಿಸಿದ್ದು ಇಂಥದ್ದೇ. ಐಫೋನಿಗೆ ಈ ಸೌಲಭ್ಯ 2013ರಲ್ಲಿ ಐಓಎಸ್ 7ರ ಜೊತೆ ಬಂತು. ಆಂಡ್ರಾಯ್ಡ್ ಮೂಲದಲ್ಲೇ ಇದನ್ನು ಸೇರಿಸಿದ್ದು 2016ರ 7ನೇ ಆವೃತ್ತಿಯಲ್ಲಿ, ಅದಕ್ಕೂ ಮುಂಚೆ ಒಂದೊಂದು ಕಂಪನಿಯ ಫೋನು ಒಂದೊಂದು ಥರ. ವಿದೇಶದ ವಿಡಿಯೋಗಳಲ್ಲಿ "ವಾಯ್ಸ್‌ಮೇಲಿಗೆ ಹೋದರೆ ಬ್ಲಾಕ್ ಅಂತ ತಿಳಿಯಿರಿ" ಅನ್ನುತ್ತಾರೆ; ವಾಯ್ಸ್‌ಮೇಲ್ ಅಂದರೆ ಎತ್ತದ ಕರೆಗೆ ದನಿಯಲ್ಲೇ ಸಂದೇಶ ಬಿಟ್ಟುಹೋಗುವ ಸೌಲಭ್ಯ. ಅಲ್ಲಿಗೆ ಆ ಮಾತು ಒಂದು ಮಟ್ಟಿಗೆ ಸರಿ. ನಮ್ಮಲ್ಲಿ ವಾಯ್ಸ್‌ಮೇಲ್ ಬಳಸುವವರನ್ನು ನಾನಂತೂ ಕೌಂಟರ್ ಈಚೆ ಕಂಡಿಲ್ಲ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಆಂಡ್ರಾಯ್ಡಿನಲ್ಲಿ 112ರಂಥ ತುರ್ತು ನಂಬರಿಗೆ ಕರೆ ಮಾಡಿದರೆ ಬ್ಲಾಕ್ ಪಟ್ಟಿ ಸ್ವಲ್ಪ ಕಾಲ ತಾನಾಗಿ ನಿಂತುಹೋಗುತ್ತದೆ. ಆಂಬುಲೆನ್ಸಿನವರೋ ಪೊಲೀಸರೋ ಯಾವ ನಂಬರಿನಿಂದ ವಾಪಸ್ ಮಾಡುತ್ತಾರೋ ಯಾರಿಗೆ ಗೊತ್ತು, ಅದಕ್ಕೆ.

ಬ್ಲಾಕ್ ಒಂದೇ ದಿಕ್ಕಿನದು ಅನ್ನುವುದನ್ನು ನನಗೆ ಚೆನ್ನಾಗಿ ಮನದಟ್ಟು ಮಾಡಿಸಿದವರು ಒಬ್ಬ ಹಿರಿಯರು. ಫೋನನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದಿದ್ದರು. "ನೋಡಪ್ಪ, ಮಗಳು ಹಾಸನದಿಂದ ಮಾಡಿದ್ರೆ ಯಾವಾಗ್ಲೂ ಬಿಜಿ ಅಂತೈತಂತೆ. ನಾನ್ ಮಾಡಿದ್ರೆ ಚೆಂದಾಗಿ ಹೋಗ್ತೈತೆ. ಸಿಮ್ಮು ಕೆಟ್ಟೈತಾ ಏನು ನೋಡು" ಅಂದರು. ಅವರು ಮಾಡಿದರೆ ಹೋಗುತ್ತದೆ, ಅವಳು ಮಾಡಿದರೆ ಬರುವುದಿಲ್ಲ ಅಂದಾಗಲೇ ನನಗೆ ಅನುಮಾನ ಬಂತು. ಕರೆಯ ಆ್ಯಪಿನಲ್ಲಿ ಮೇಲಿನ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸಿಗೆ ಹೋಗಿ, ಬ್ಲಾಕ್ ಆದ ನಂಬರುಗಳ ಪಟ್ಟಿ ತೆರೆದೆ. ಒಂದೇ ಒಂದು ನಂಬರಿತ್ತು.

"ಯಜಮಾನ್ರೇ, ಇದ್ಯಾರ ನಂಬರು?"

ಕನ್ನಡಕ ಮೇಲೇರಿಸಿ ಕೊನೆಯ ನಾಲ್ಕು ಅಂಕಿ ಓದಿ, "ನಮ್ ಪಾಪುದೇ ಕಣಪ್ಪ" ಅಂದರು. ಕಾಲ್ ಹಿಸ್ಟರಿಯಲ್ಲಿ ಹೆಸರಿನ ಮೇಲೆ ಬೆರಳು ಒತ್ತಿ ಹಿಡಿದರೆ ಒಂದು ಮೆನು ಬರುತ್ತದೆ, ಅದರಲ್ಲಿ ಬ್ಲಾಕ್ ಅನ್ನುವುದೂ ಇರುತ್ತದೆ. ಹೊಲದ ಕೆಲಸದಲ್ಲಿ ಒರಟಾದ ಬೆರಳು, ಸ್ಕ್ರೀನ್ ಮೇಲೆ ಒಂದೆರಡು ಕಡೆ ತಾಕಿರಬೇಕು. ಪಟ್ಟಿಯಿಂದ ತೆಗೆದೆ, ಅಲ್ಲೇ ಮಗಳಿಂದ ಫೋನ್ ಬಂತು. ಇಂಥವರು ಆಮೇಲೂ ಬಂದಿದ್ದಾರೆ. ವಯಸ್ಸಾದವರಿಗೆ ಮಕ್ಕಳ ಕರೆ ಬರುತ್ತಿಲ್ಲ ಅಂದರೆ ನಾನು ಸಿಮ್ ತೆಗೆಯುವ ಮೊದಲು ಆ ಪಟ್ಟಿ ನೋಡುತ್ತೇನೆ.

ಕರೆ ಮಾಡುವವರ ಕಡೆಯ ಪ್ರಶ್ನೆಗೆ ಬಂದರೆ, ನನ್ನ ಉತ್ತರ ಅವರಿಗೆ ರುಚಿಸುವುದಿಲ್ಲ. ಬೆಳಿಗ್ಗೆ ಮಾಡಿದರೂ ರಾತ್ರಿ ಮಾಡಿದರೂ ಅದೇ ಅರ್ಧ ರಿಂಗ್, ಅದೇ ಬಿಜಿ ಅಂದರೆ ಬ್ಲಾಕ್ ಆಗಿರುವ ಸಾಧ್ಯತೆ ಹೆಚ್ಚು. ಆದರೆ ಕಾಲ್ ವೇಟಿಂಗ್ ಹಾಕಿಸಿಕೊಳ್ಳದವರು ನಿಜವಾಗಿಯೂ ಬೇರೆ ಕರೆಯಲ್ಲಿದ್ದರೆ ಬಿಜಿ ಅಂತಲೇ ಬರುತ್ತದೆ. ಪೂರ್ತಿ ರಿಂಗ್ ಆಗಿ ಎತ್ತದಿದ್ದರೆ ಅದು ಫೋನಿನ ಬ್ಲಾಕ್ ಅಲ್ಲ. ಸೈಲೆಂಟಿನಲ್ಲಿರಬಹುದು ಅಥವಾ ಡೂ ನಾಟ್ ಡಿಸ್ಟರ್ಬ್ ಹಾಕಿ ಮಲಗಿರಬಹುದು. ಆ ಮೋಡಿನಲ್ಲಿರುವ ಆಂಡ್ರಾಯ್ಡ್ ಫೋನಿಗೆ ಕರೆ ಮಾಡಿದವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಅದರಲ್ಲಿ ಮತ್ತೆ ಮತ್ತೆ ಕರೆ ಮಾಡುವವರಿಗೆ ಬಿಡುವು ಕೊಡುವ ಸೆಟ್ಟಿಂಗ್ ಇದೆ: ಐಫೋನಿನಲ್ಲಿ 3 ನಿಮಿಷದೊಳಗೆ, ಆಂಡ್ರಾಯ್ಡಿನಲ್ಲಿ 15 ನಿಮಿಷದೊಳಗೆ ಅದೇ ವ್ಯಕ್ತಿ ಎರಡನೇ ಸಲ ಮಾಡಿದರೆ ಸದ್ದಾಗುತ್ತದೆ. ಬ್ಲಾಕ್ ಆದವರಿಗೆ ಆ ಬಿಡುವು ಇಲ್ಲ, ನೂರು ಸಲ ಮಾಡಿದರೂ ಅಷ್ಟೇ.

ಎಸ್ಸೆಮ್ಮೆಸ್ ನಂಬಿ ತೀರ್ಮಾನಕ್ಕೆ ಬರುವುದೂ ಕಷ್ಟ. ಡೆಲಿವರಿ ರಿಪೋರ್ಟ್ ಆನ್ ಮಾಡಿ ತಮ್ಮನಿಂದ ಮೆಸೇಜ್ ಕಳಿಸಿದರೆ ತಲುಪಿದೆ ಅಂತಲೇ ಬಂತು. ಸುಳ್ಳಲ್ಲ, ಫೋನಿಗೆ ತಲುಪಿದೆ. ಫೋನ್ ಅದನ್ನು ಸ್ಪ್ಯಾಮ್ ಮತ್ತು ಬ್ಲಾಕ್ ಆದವರ ಫೋಲ್ಡರಿಗೆ ತಳ್ಳಿ ಸುಮ್ಮನಿದೆ. ವಾಟ್ಸಾಪಿನದು ಪೂರ್ತಿ ಬೇರೆ ಲೋಕ. ಫೋನಿನಲ್ಲಿ ಬ್ಲಾಕ್ ಮಾಡಿದರೆ ವಾಟ್ಸಾಪಿನಲ್ಲಿ ಬ್ಲಾಕ್ ಆಗುವುದಿಲ್ಲ, ಅಲ್ಲಿ ಮಾಡಿದರೆ ಇಲ್ಲಿ ಆಗುವುದಿಲ್ಲ. ಅಲ್ಲಿ ಬ್ಲಾಕ್ ಆದವರಿಗೆ ಒಂದೇ ಟಿಕ್, ಲಾಸ್ಟ್ ಸೀನ್ ಕಾಣುವುದಿಲ್ಲ, ಕರೆ ಮಾಡಿದರೆ ಹೋಗುತ್ತಿರುವ ಹಾಗೇ ತೋರುತ್ತದೆ, ಈ ಕಡೆ ಏನೂ ಇಲ್ಲ. ಈ ಗೊಂದಲವನ್ನು ಬೇಕೆಂದೇ ಇಟ್ಟಿದ್ದೇವೆ, ಬ್ಲಾಕ್ ಮಾಡಿದವರ ಖಾಸಗಿತನಕ್ಕಾಗಿ ಅಂತ ವಾಟ್ಸಾಪೇ ತನ್ನ ಸಹಾಯ ಪುಟದಲ್ಲಿ ಹೇಳಿಕೊಂಡಿದೆ.

ಖಚಿತ ಮಾಡಿಕೊಳ್ಳುವ ದಾರಿ ಎಲ್ಲರಿಗೂ ಗೊತ್ತಿರುವುದೇ, ಬೇರೆ ನಂಬರಿನಿಂದ ಮಾಡಿ ನೋಡುವುದು. ಒಬ್ಬ ಹುಡುಗ "ಅಣ್ಣ, ನಿಮ್ ಫೋನಿಂದ ಒಂದ್ಸಲ ಮಾಡ್ಲಾ?" ಅಂದ. ಕೊಡಲಿಲ್ಲ. ಬಾಗಿಲು ಹಾಕಿಕೊಂಡವರ ಹಿತ್ತಿಲ ಕಡೆಯಿಂದ ನಾನು ಯಾರನ್ನೂ ಕಳಿಸುವುದಿಲ್ಲ. ಅವನು ಕೋಪ ಮಾಡಿಕೊಂಡು ಹೋದ, ಇವತ್ತಿಗೂ ರೀಚಾರ್ಜಿಗೆ ಎದುರಿನ ಅಂಗಡಿಗೇ ಹೋಗುತ್ತಾನೆ.

ಇನ್ನು "ಬ್ಲಾಕ್ ಮಾಡಿದ್ರೂ ಬತ್ತೈತೆ" ಅನ್ನುವವರು. ಇವರ ಫೋನ್ ತೆಗೆದು ನೋಡಿದರೆ ಪಟ್ಟಿ ರೇಷನ್ ಕಾರ್ಡಿನ ಸಾಲಿಗಿಂತ ಉದ್ದ ಇರುತ್ತದೆ. ಸಾಲ ಬೇಕಾ, ಸೈಟ್ ಬೇಕಾ ಅಂತ ಕೇಳುವವರು ದಿನಕ್ಕೊಂದು ನಂಬರಿನಿಂದ ಮಾಡುತ್ತಾರೆ. ಒಂದೊಂದನ್ನೇ ಬ್ಲಾಕ್ ಮಾಡುತ್ತಾ ಕೂತರೆ ನಮ್ಮ ಬೆರಳು ಸವೆಯಬೇಕು, ಅವರ ನಂಬರ್ ಮುಗಿಯುವುದಿಲ್ಲ. ಇಲ್ಲಿ ಕೆಲಸ ಕಂಪನಿಯ ಮಟ್ಟದಲ್ಲೇ ಆಗಬೇಕು. ಅದಕ್ಕಿರುವುದು 1909 ಅನ್ನುವ ನಂಬರು. ತೊಂದರೆಯಿರುವ ಸಿಮ್ಮಿನಿಂದಲೇ ಇಂಗ್ಲಿಷ್ ಅಕ್ಷರದಲ್ಲಿ ಸ್ಟಾರ್ಟ್ ಅಂತ ಬರೆದು, ಒಂದು ಜಾಗ ಬಿಟ್ಟು ಸೊನ್ನೆ ಹಾಕಿ 1909ಕ್ಕೆ ಎಸ್ಸೆಮ್ಮೆಸ್ ಕಳಿಸುತ್ತೇನೆ. ಸೊನ್ನೆ ಅಂದರೆ ಎಲ್ಲ ಬಗೆಯ ಜಾಹೀರಾತಿಗೂ ತಡೆ; ಬೇಕಾದರೆ ಬ್ಯಾಂಕು, ರಿಯಲ್ ಎಸ್ಟೇಟ್, ಶಿಕ್ಷಣ, ಆರೋಗ್ಯ ಅಂತ ವಿಭಾಗ ನೋಡಿಯೂ ತಡೆಯಬಹುದು. "ಓಟಿಪಿ ನಿಂತೋಗಲ್ವಾ?" ಅನ್ನುವ ಭಯ ಎಲ್ಲರಿಗೂ. ನಿಲ್ಲುವುದಿಲ್ಲ, ಓಟಿಪಿ ಜಾಹೀರಾತಲ್ಲ.

ಇದಾದ ಮೇಲೂ ಹತ್ತಂಕಿಯ ಸಾಮಾನ್ಯ ನಂಬರಿನಿಂದ ಕದ್ದು ಮಾಡುವವರು ಇದ್ದೇ ಇರುತ್ತಾರೆ. ಜಾಹೀರಾತಿನ ಕರೆ ಮಾಡುವವರಿಗೆ 140ರಿಂದ ಶುರುವಾಗುವ ನಂಬರು, ಬ್ಯಾಂಕಿನಂಥವರ ವ್ಯವಹಾರದ ಕರೆಗೆ 1600ರಿಂದ ಶುರುವಾಗುವ ನಂಬರು ಅಂತ ಗೊತ್ತುಮಾಡಿದ್ದಾರೆ. ಅದು ಬಿಟ್ಟು ಮಾಡಿದವರ ಮೇಲೆ 1909ಕ್ಕೇ ದೂರು ಕೊಡಬೇಕು: ಏನು ಹೇಳಿದರು, ಯಾವ ನಂಬರು, ಯಾವ ದಿನ, ಇಷ್ಟು ಬರೆದರೆ ಸಾಕು. ಮೊದಲು 3 ದಿನದೊಳಗೆ ಕೊಡಬೇಕಿತ್ತು. 2025ರ ಫೆಬ್ರವರಿಯಲ್ಲಿ ಸಿಮ್ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಟ್ರಾಯ್ ನಿಯಮ ತಿದ್ದಿ 7 ದಿನ ಮಾಡಿತು, ಕಂಪನಿ ಕ್ರಮ ಕೈಗೊಳ್ಳುವ ಗಡುವನ್ನು 30 ದಿನದಿಂದ 5ಕ್ಕೆ ಇಳಿಸಿತು. ಬ್ಲಾಕ್ ಬಟನ್ ಒತ್ತುವುದಕ್ಕೆ ಹಿಡಿಯುವ ಹೊತ್ತಿನಲ್ಲೇ ಈ ದೂರನ್ನೂ ಬರೆಯಬಹುದು. ಬ್ಲಾಕಿನಿಂದ ನನ್ನ ಫೋನ್ ಮಾತ್ರ ಸುಮ್ಮನಾಗುತ್ತದೆ, ದೂರಿನಿಂದ ಅವನ ನಂಬರ್ ಸುಮ್ಮನಾಗುವ ಸಾಧ್ಯತೆ ಇದೆ. ಜನ ಯಾಕೋ ಇದನ್ನು ಮಾಡುವುದಿಲ್ಲ, "ಯಾರ್ ಬರೀತಾರೆ ಬಿಡಣ್ಣ" ಅನ್ನುತ್ತಾರೆ.

ಪಾರ್ಸೆಲ್ಲಿನಲ್ಲಿ ಡ್ರಗ್ಸ್ ಸಿಕ್ಕಿದೆ, ಸಿಮ್ ಬಂದ್ ಆಗುತ್ತದೆ ಅಂತ ಹೆದರಿಸುವ ಕರೆಗಳಿಗೆ 1909 ಅಲ್ಲ. ಅದಕ್ಕೆ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ದೂರು ಕೊಡಲು ಚಕ್ಷು ಅನ್ನುವ ವಿಭಾಗವನ್ನು 2024ರಲ್ಲಿ ಶುರುಮಾಡಿದ್ದಾರೆ. ದುಡ್ಡು ಹೋಗಿದ್ದರೆ ಎಲ್ಲ ಬಿಟ್ಟು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ.

ಗುರುತಿಲ್ಲದ ಎಲ್ಲ ನಂಬರನ್ನೂ ಒಂದೇ ಏಟಿಗೆ ನಿಲ್ಲಿಸಿಬಿಡು ಅನ್ನುವವರಿಗೆ ನಾನು ಸುಲಭಕ್ಕೆ ಒಪ್ಪುವುದಿಲ್ಲ. ಕೊಬ್ಬರಿ ಮಂಡಿಯವರೊಬ್ಬರು ತಾವೇ ಆ ಸೆಟ್ಟಿಂಗ್ ಹಾಕಿಕೊಂಡಿದ್ದರು. ಅವರ ಫೋನಿನಲ್ಲಿ ಅದರ ಅರ್ಥ, ಸೇವ್ ಮಾಡದ ಯಾರ ಕರೆಯೂ ಒಳಗೆ ಬರುವಂತಿಲ್ಲ. ಹರಾಜಿನ ದಿನ ಲಾರಿ ಡ್ರೈವರ್ ಹೊಸ ನಂಬರಿನಿಂದ ಮಾಡಿ ಮಾಡಿ ಬಿಜಿ ಕೇಳಿಸಿಕೊಂಡು ಬೇರೆ ಲೋಡಿಗೆ ಹೋಗಿಬಿಟ್ಟ. ಇದರಲ್ಲಿ ಇನ್ನೊಂದು ಸಿಕ್ಕು: ಕೆಲವು ಫೋನುಗಳಲ್ಲಿ "ಅನ್‌ನೋನ್" ಬ್ಲಾಕ್ ಅಂದರೆ ನಂಬರನ್ನೇ ಮುಚ್ಚಿಟ್ಟು ಮಾಡುವ ಕರೆಗಳಿಗೆ ಮಾತ್ರ, ಸೇವ್ ಆಗದ ನಂಬರುಗಳಿಗಲ್ಲ. ಐಫೋನಿನಲ್ಲಿ ಅಪರಿಚಿತರನ್ನು ಸೈಲೆನ್ಸ್ ಮಾಡಿದರೆ ಕರೆ ಸದ್ದಿಲ್ಲದೆ ಕಾಲ್ ಹಿಸ್ಟರಿಯಲ್ಲಿ ಬಂದು ಕೂರುತ್ತದೆ. ವ್ಯಾಪಾರಸ್ಥರಿಗೆ ಅದು ವಾಸಿ. ಯಾವುದನ್ನು ಹಾಕಿದರೂ ನಾನು ನನ್ನ ಇನ್ನೊಂದು ನಂಬರಿನಿಂದ ಅವರಿಗೆ ಕರೆ ಮಾಡಿ, ಏನಾಗುತ್ತದೆ ಅಂತ ಅವರ ಎದುರೇ ತೋರಿಸಿ ಕಳಿಸುತ್ತೇನೆ.

ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು ಬಂದು "ಅಣ್ಣ, ಈ ನಂಬರ್ ಬ್ಲಾಕ್ ಮಾಡ್ಕೊಡಿ" ಅಂದರೆ ಮಾತ್ರ ನಾನು ತಡೆಯುತ್ತೇನೆ, ಒಂದು ನಿಮಿಷ ಅಂತ. ಮೊದಲು ಕಾಲ್ ಹಿಸ್ಟರಿಯದು, ಮೆಸೇಜುಗಳದು ಸ್ಕ್ರೀನ್‌ಶಾಟ್ ತೆಗೆಸಿ ಅವರ ಮನೆಯವರಲ್ಲಿ ಒಬ್ಬರಿಗೆ ಕಳಿಸಲು ಹೇಳುತ್ತೇನೆ. ಆಮೇಲೆ ಬ್ಲಾಕ್. ಒಂದು ನಂಬರ್ ಬಂದಾದ ಮೇಲೆ ಅಂಥವನು ಇನ್ನೊಂದರಿಂದ ಶುರುಮಾಡಿದರೆ ಅದು ಸೆಟ್ಟಿಂಗ್ಸಿನಲ್ಲಿ ಬಗೆಹರಿಯುವ ವಿಷಯವಲ್ಲ. ಬೇಡ ಅಂದರೂ ಬೆನ್ನು ಹತ್ತುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ. ಸ್ಟೇಷನ್ನಿಗೆ ಹೋದಾಗ ಮೊದಲು ಕೇಳುವುದೇ "ಏನಮ್ಮ ಪ್ರೂಫು" ಅಂತ.

ಹೊಸ ಫೋನ್ ತಗೊಳ್ಳುವವರಿಗೆ ಡೇಟಾ ಹಾಕಿಕೊಡುವಾಗ ಹಳೆಯದರ ಬ್ಲಾಕ್ ಪಟ್ಟಿಯನ್ನೂ ತೆರೆದು ತೋರಿಸುತ್ತೇನೆ. ಸಿಮ್ ಬದಲಿಸಿದ ಮಾತ್ರಕ್ಕೆ ಅದು ಹಿಂದೆ ಬರುವುದಿಲ್ಲ. ಯಾರನ್ನು ಮತ್ತೆ ಹಾಕಬೇಕು, ಯಾರನ್ನು ಬಿಡಬೇಕು ಅಂತ ಅವರೇ ನೋಡಿ ಹೇಳಬೇಕು. ಕೆಲವರು ಒಂದೊಂದು ನಂಬರನ್ನು ನೋಡಿ ಇದು ಯಾರದ್ದು ಅಂತ ನನ್ನನ್ನೇ ಕೇಳುತ್ತಾರೆ.