ಬೋಟು ದಡದಲ್ಲಿದ್ದ 61 ದಿನ: ಕಡಲೂರಿನ ಪ್ರೇಮಕಥೆ ಓಡಿಸಿದ ನನ್ನ ಅನುಭವ

ಕಥೆ ಓದುವ ಆ್ಯಪಿನಲ್ಲಿ ನಾನು ಕಂತುಕಂತಾಗಿ ಹಾಕಿದ, ಕುಂದಾಪುರದ ಪಕ್ಕದ ಮೀನುಗಾರರ ಊರು ಗಂಗೊಳ್ಳಿಯ ಪ್ರೇಮಕಥೆ ಮೂರನೇ ಮಳೆಗಾಲದಲ್ಲೂ ಓದಿಸಿಕೊಂಡಿತು. ಹೊಸ ಕಂತು ಹಾಕದೆ ಎಷ್ಟೋ ಕಾಲ ಆಯಿತು, ಆದರೂ ಜೂನ್ ಬಂದರೆ ಸಾಕು, ಓದುವವರ ಸಂಖ್ಯೆ ತಾನಾಗಿ ಏರುತ್ತೆ. ಧಾರಾವಾಹಿ ಬರೆಯುವವರ ನಮ್ಮ ಗುಂಪಿನಲ್ಲಿ ಇದನ್ನು ನಂಬಿದವರು ಯಾರೂ ಇರಲಿಲ್ಲ. "ಸರ್, ಮೀನಿನ ವಾಸನೆ ಯಾರಿಗೆ ಬೇಕು?" ಅಂದರು ಒಬ್ಬರು. "ಕಂಪನಿ ಎಂಡಿ, ಬಲವಂತದ ಮದುವೆ, ಒಂದು ಅಗ್ರಿಮೆಂಟು. ಇದು ಬಿಟ್ಟರೆ ಬೇರೆ ಓಡಲ್ಲ" ಅಂದರು ಇನ್ನೊಬ್ಬರು. ಅವರ ಎಂಡಿ ಕಥೆಗಳು ಓಡಿವೆ, ಇಲ್ಲ ಅನ್ನಲ್ಲ. ಆದರೆ ಹೋದ ವರ್ಷ ಅದೇ ಗುಂಪಿನಲ್ಲಿ ನಾಲ್ಕು ಜನ ಸಮುದ್ರದ ದಡಕ್ಕೆ ಬಂದು ಕೂತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಗದಗ ಕಡೆಯವನು. ಕಡಲು ನೋಡಿದ್ದೇ ನೌಕರಿ ಮೇಲೆ ಕುಂದಾಪುರಕ್ಕೆ ಬಂದಮೇಲೆ. ನಾಲ್ಕೈದು ವರ್ಷ ಅಲ್ಲಿದ್ದೆ. ಬರೆಯುವುದು ಬೇರೆ ಹೆಸರಲ್ಲಿ. ಆ ಹೆಸರು ಗಂಡಸಿನದೋ ಹೆಂಗಸಿನದೋ ಗೊತ್ತಾಗಲ್ಲ, ಹಾಗಾಗಿ ಓದುಗರು ತಾವೇ ತೀರ್ಮಾನ ಮಾಡಿಕೊಂಡು "ಅಕ್ಕಾ, ಮುಂದಿನ ಕಂತು ಯಾವಾಗ?" ಅಂತಾರೆ. ನಾನು "ನಾಳೆ ಕಣಮ್ಮ" ಅಂತ ಬರೆದು ಸುಮ್ಮನಾಗುತ್ತೇನೆ. ನನ್ನ ಹೆಂಡತಿಗೆ ಇದು ದಿನಾ ನಗುವ ವಿಷಯ.

ಮೊದಲ ಪ್ರಯತ್ನ ನೆಲ ಕಚ್ಚಿತು. ಅದರಲ್ಲಿ ಮರವಂತೆ ಇತ್ತು. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಸಂಜೆ ಬೆಳಕು, ಬರಿಗಾಲು, ಮರಳ ಮೇಲೆ ಬರೆದ ಹೆಸರು, ಎಲ್ಲಾ ಇತ್ತು. ಮೊದಲ ಕಂತು ಸುಮಾರು 900 ಜನ ಓದಿದರು. ಏಳನೇ ಕಂತಿಗೆ 60 ಜನ ಉಳಿದರು, ಅದರಲ್ಲಿ ಹತ್ತು ಜನ ನಮ್ಮ ನೆಂಟರು. ಆ ಸಲ ಆ್ಯಪಿನಿಂದ ತಿಂಗಳಿಗೆ ಬಂದದ್ದು 120-130 ರೂಪಾಯಿ. ಮರವಂತೆ ಎಲ್ಲರೂ ರೀಲಿನಲ್ಲಿ ನೋಡಿಬಿಟ್ಟಿದ್ದಾರೆ. ಅಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋಗುತ್ತಾರೆ. ನನ್ನ ಓದುಗರೂ ಹಾಗೇ ನಿಲ್ಲಿಸಿ, ನೋಡಿ, ಹೊರಟರು.

ಆಮೇಲೆ ಒಂದು ಕೆಲಸ ಮಾಡಿದೆ. ಹಳೆ ಪುಸ್ತಕದ ಅಂಗಡಿಯಿಂದ ಮಿಲ್ಸ್ ಅಂಡ್ ಬೂನ್ ಒಂದು ಚೀಲ ತಂದೆ. ಕೆಜಿ ಲೆಕ್ಕದಲ್ಲಿ, ಮುನ್ನೂರು ರೂಪಾಯಿ ಒಳಗೆ. 1908ರಲ್ಲಿ ಲಂಡನ್ನಿನಲ್ಲಿ ಶುರುವಾದ ಕಂಪನಿ, ಇವತ್ತಿಗೂ ಅದನ್ನೇ ಮಾರುತ್ತಿದೆ ಅಂದರೆ ಒಳಗೆ ಏನೋ ಗಟ್ಟಿ ಇರಬೇಕಲ್ವಾ? ಕಡಲೂರಿನ ಕಥೆಗಳನ್ನು ಮಾತ್ರ ಆರಿಸಿಕೊಂಡು ಪೆನ್ಸಿಲ್ ಹಿಡಿದು ಓದಿದೆ. ಸಮುದ್ರದ ಬಗ್ಗೆ ಬರೆದ ಸಾಲುಗಳಿಗೆಲ್ಲ ಗೆರೆ ಎಳೆದೆ. ಒಂದು ಅಧ್ಯಾಯಕ್ಕೆ ನಾಲ್ಕೈದು ಸಾಲಿಗಿಂತ ಜಾಸ್ತಿ ಸಿಗಲಿಲ್ಲ. ಉಳಿದದ್ದೆಲ್ಲ ಅಂಚೆ ಕಚೇರಿ, ಬೇಕರಿ, ಪಕ್ಕದ ಮನೆಯ ಮುದುಕಿ. ಅಲ್ಲಿ ಎಲ್ಲಿ ಹೋದರೂ ಅವನೇ ಎದುರಿಗೆ ಸಿಗುತ್ತಾನೆ. ಬೆಂಗಳೂರಿನಲ್ಲಿ ಜಗಳ ಆಡಿದರೆ ನಂಬರ್ ಬ್ಲಾಕ್ ಮಾಡಿದರೆ ಮುಗಿಯಿತು. ಎರಡು ಬೀದಿಯ ಊರಲ್ಲಿ ಬ್ಲಾಕ್ ಮಾಡಿದವನ ಹಿಂದೆಯೇ ರೇಷನ್ ಸಾಲಿನಲ್ಲಿ ನಿಲ್ಲಬೇಕು. ಓದುಗರಿಗೆ ಬೇಕಾಗಿದ್ದು ಅದು.

ಆದರೆ ಆ ಅಚ್ಚನ್ನು ಹಾಗೇ ಎತ್ತಿ ಇಲ್ಲಿಗೆ ತರಲಿಕ್ಕೆ ಆಗಲ್ಲ. ಇಂಗ್ಲಿಷ್ ನಾಯಕಿಗೆ ಕೆಲಸ ಹೋಗುತ್ತೆ, ಅತ್ತೆ ಬಿಟ್ಟುಹೋದ ಚಹಾದಂಗಡಿ ಸಿಗುತ್ತೆ. ನಮ್ಮಲ್ಲಿ ಅತ್ತೆ ಬಿಟ್ಟುಹೋಗುವುದು ಪಾಲಿನ ಕೇಸು. ಸರಿ, ಅದನ್ನೇ ಹಿಡಿದೆ. ಕರಾವಳಿಯಲ್ಲಿ ಮೊಗವೀರರು, ಬಂಟರು ಮೊದಲಾದವರಲ್ಲಿ ಅಳಿಯಕಟ್ಟು ಇತ್ತು. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಮೇಲೆ ಕಾನೂನು ಬದಲಾಯಿತು, ಆದರೆ ಮೂಲಮನೆ, ತರವಾಡು ಅನ್ನುವ ಮಾತಿನ ತೂಕ ಹಾಗೇ ಉಳಿದಿದೆ. ನನ್ನ ನಾಯಕಿ ಮುಂಬಯಿಯಿಂದ ಬರುವುದು ಅಜ್ಜಿಯ ಮೂಲಮನೆಯ ಪಾಲಿಗೆ ಸಹಿ ಹಾಕಲಿಕ್ಕೆ. ಎರಡು ತಿಂಗಳ ರಜೆ. ಸಹಿ ಹಾಕಿದರೆ ಮನೆ ಮಾರಾಟ. ಹಾಕದಿದ್ದರೆ ಇಬ್ಬರು ಮಾವಂದಿರ ಶಾಪ.

ಜಾಗದ ಆಯ್ಕೆ ಬಗ್ಗೆ ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ. ಗಂಗೊಳ್ಳಿಗಿಂತ ಒಳ್ಳೆಯ ಪ್ರೇಮಕಥೆಯ ಊರು ಇಡೀ ಕರಾವಳಿಯಲ್ಲಿ ಇಲ್ಲ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಕೇಡಕ, ಹೀಗೆ ಐದು ಹೊಳೆ ಸೇರಿ ಪಂಚಗಂಗಾವಳಿ ಆಗಿ ಕಡಲು ಸೇರುವ ಅಳಿವೆ ಅದು. ಈಚೆ ದಡ ಕುಂದಾಪುರದ ಕೋಡಿ, ಆಚೆ ದಡ ಗಂಗೊಳ್ಳಿ. ಕಣ್ಣೆದುರಿಗೇ ಇದೆ. ಕೂಗಿದರೆ ಕೇಳುತ್ತೇನೋ ಅನಿಸುತ್ತೆ. ಆದರೆ ಬಸ್ಸಿನಲ್ಲಿ ಹೋಗಬೇಕೆಂದರೆ ಹೆಮ್ಮಾಡಿ, ಮುಳ್ಳಿಕಟ್ಟೆ ಅಂತ ಸುತ್ತು ಹಾಕಬೇಕು. ಹದಿನೈದು ಕಿಲೋಮೀಟರಿಗೂ ಜಾಸ್ತಿ. ನಾಯಕನ ಮನೆ ಕೋಡಿಯಲ್ಲಿ, ಅವನ ಬೋಟು ಗಂಗೊಳ್ಳಿ ಬಂದರಿನಲ್ಲಿ, ಅವಳ ಮನೆಯೂ ಅಲ್ಲೇ. ರಾತ್ರಿ ಅವಳ ಮನೆ ಜಗಲಿಯ ಬಲ್ಬು ಅವನಿಗೆ ಕಾಣುತ್ತೆ. ಸಿಟ್ಟು ಬಂದ ದಿನ ಅವಳು ಬಲ್ಬು ಹಾಕಲ್ಲ. ಒಂಬತ್ತನೇ ಕಂತು ಇಷ್ಟೇ, ಇನ್ನೇನೂ ನಡೆಯಲ್ಲ. ಅತಿ ಹೆಚ್ಚು ಕಾಮೆಂಟು ಬಂದದ್ದು ಅದಕ್ಕೆ.

ಇನ್ನು ಗಡಿಯಾರದ ವಿಷಯ. ಇದೇ ನನ್ನ ಮುಖ್ಯ ಕೈಚಳಕ, ಮುಚ್ಚಿಡಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆ ನಿಷೇಧ. 61 ದಿನ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಒರಟು. ಸಣ್ಣ ಮೋಟಾರಿನ ನಾಡದೋಣಿಗಳು ಮಾತ್ರ ಹವಾಮಾನ ನೋಡಿಕೊಂಡು ಇಳಿಯುತ್ತವೆ. ದೊಡ್ಡ ಬೋಟೆಲ್ಲ ದಡದಲ್ಲಿ. ಒಡಿಶಾ, ಆಂಧ್ರದ ಕಲಾಸಿಗಳು, ಅಂದರೆ ಬೋಟಿನ ಕೆಲಸಗಾರರು, ಊರಿಗೆ ಹೋಗಿರುತ್ತಾರೆ. ಉಳಿದವರು ಬಲೆ ಹೊಲಿಯುತ್ತಾ, ಬೋಟಿಗೆ ಬಣ್ಣ ಬಳಿಯುತ್ತಾ ಶೆಡ್ಡಿನಲ್ಲಿ ಕೂತಿರುತ್ತಾರೆ. ಆಳಸಮುದ್ರಕ್ಕೆ ಹೋದರೆ ಹತ್ತು ದಿನ ಕೈಗೆ ಸಿಗದ ತಾಂಡೇಲ, ಅಂದರೆ ಬೋಟು ನಡೆಸುವ ನಮ್ಮ ನಾಯಕ, ಈಗ ಎರಡು ತಿಂಗಳು ಊರಲ್ಲೇ. ಅಗಸ್ಟ್ ಬಂದು ಸಮುದ್ರಪೂಜೆ ಮುಗಿದರೆ ಅವನು ಹೊರಟ. ಅವಳ ರಜೆಯೂ ಅಷ್ಟಕ್ಕೇ ಮುಗಿಯುತ್ತೆ.

ನಾನು ಕಥೆಯನ್ನೂ ಅದೇ ತಾರೀಖಿಗೆ ಕಟ್ಟಿದೆ. ಮೊದಲ ಕಂತು ಜೂನ್ 1, ಕೊನೆಯದು ಜುಲೈ 31. ವಾರಕ್ಕೆ ಮೂರು. ಕಥೆಯಲ್ಲಿ ಮಳೆ ಬಂದ ದಿನ ಓದುಗರ ಕಿಟಕಿ ಆಚೆಯೂ ಮಳೆ. ಇನ್ನು ಎಷ್ಟು ದಿನ ಉಳಿದಿದೆ ಅಂತ ನಾನು ಎಲ್ಲೂ ಬರೆಯಲಿಲ್ಲ, ಓದುಗರೇ ಎಣಿಸತೊಡಗಿದರು. ಜುಲೈ ಅರ್ಧ ಆಗುವಾಗ "ಅಕ್ಕಾ, ಇನ್ನು ಹದಿನೈದೇ ದಿನ, ಇವನು ಯಾವಾಗ ಬಾಯಿ ಬಿಡುತ್ತಾನೆ?" ಅಂತ ಬೈಗುಳ ಶುರು. ನಮ್ಮ ಗುಂಪಿನ ಒಬ್ಬರು ಇದನ್ನು ನೋಡಿ ಡಿಸೆಂಬರಿನಲ್ಲಿ ಒಂದು ಕಡಲೂರಿನ ಕಥೆ ಶುರು ಮಾಡಿದರು. ಕೊನೆಯೇ ಗೊತ್ತಿಲ್ಲದೆ ಎಳೆದರು, ಜನ ಇಳಿದು ಹೋದರು. ಅದರಲ್ಲೂ ನಾಯಕಿ ಜುಲೈ ಮಳೆಯ ನೆನಪಿನ ದೃಶ್ಯದಲ್ಲಿ ಹೆಮ್ಮಾಡಿ ಸೇವಂತಿಗೆ ಮುಡಿಯುತ್ತಾಳೆ! ಆ ಹೂವಿನ ಕಾಲ ಸಂಕ್ರಾಂತಿ ಹೊತ್ತು. ಕುಂದಾಪುರದವರು ಹಿಡಿದು ಜಾಲಾಡಿದರು.

ಕುಂದಾಪುರದವರು ಎಲ್ಲೆಲ್ಲಿ ಇದ್ದಾರೆ ಅಂತ ಗೊತ್ತಲ್ಲ? ಬೆಂಗಳೂರು, ಮುಂಬಯಿ ಹೋಟೆಲುಗಳಲ್ಲಿ, ದುಬೈಯಲ್ಲಿ. ರಾತ್ರಿ ಹನ್ನೊಂದರ ಮೇಲೆ ಓದುತ್ತಾರೆ. ಹೋಟೆಲ್ ಬಾಗಿಲು ಹಾಕುವ ಹೊತ್ತು ಅದು. ನಾನು ಕಂತು ಹಾಕುವ ಸಮಯವನ್ನು ಸಂಜೆ ಏಳರಿಂದ ಹತ್ತೂವರೆಗೆ ಬದಲಾಯಿಸಿದ್ದು ಅದಕ್ಕೇ. ಉಳಿದ ಅರ್ಧ ಓದುಗರು ಕಲಬುರಗಿ, ದಾವಣಗೆರೆ, ಮಂಡ್ಯ ಕಡೆಯವರು. ಕಡಲನ್ನು ಧರ್ಮಸ್ಥಳದ ಪ್ರವಾಸದಲ್ಲಿ ಒಂದು ಸಲ ನೋಡಿದವರು. ಇವರಿಗೆ ಊರು ಹೊಸದು, ಅವರಿಗೆ ಬಿಟ್ಟುಬಂದದ್ದು. ಇಬ್ಬರನ್ನೂ ಹಿಡಿಯಬೇಕಾದರೆ ಮಾತು ಸರಿ ಇರಬೇಕು.

ಕುಂದಗನ್ನಡ, ಅಂದರೆ ಕುಂದಾಪುರದ ಆಡುಮಾತಿಗೆ, ಬೀಜಾಡಿ ಕಡೆಯ ನನ್ನ ಸಹೋದ್ಯೋಗಿಯೊಬ್ಬರನ್ನು ಹಿಡಿದೆ. ಕಂತಿಗೆ 100 ರೂಪಾಯಿ, ಮೇಲೆ ಒಂದು ಚಹಾ. ನಾನು ಬರೆದದ್ದನ್ನು ಗಟ್ಟಿಯಾಗಿ ಓದಿ ಬೇಡವಾದದ್ದನ್ನು ಹೊಡೆದುಹಾಕುತ್ತಿದ್ದರು. ನಾಯಕಿ ಎರಡನೇ ದಿನವೂ ಅದೇ ಬಸ್ಸು ಹತ್ತುತ್ತಾಳೆ. ಕಂಡಕ್ಟರ್ ಅರ್ಧ ಪುಟ ತಮಾಷೆ ಮಾಡುವ ಹಾಗೆ ನಾನು ಬರೆದಿದ್ದೆ. ಅವರು ಎಲ್ಲಾ ಅಳಿಸಿ ಒಂದೇ ಸಾಲು ಇಟ್ಟರು: "ಹ್ವಾಯ್, ನಿನ್ನೆನೂ ಇದೇ ಬಸ್ಸಂಗೆ ಹೋದ್ರಿ ಅಲ್ದಾ?" ಅಷ್ಟೇ. ಚಿಲ್ಲರೆ ಕೊಟ್ಟು ಮುಂದೆ ಹೋಗುತ್ತಾನೆ. ಬಸ್ಸಿನಲ್ಲಿ ಕೂತ ಆರು ಜನ ತಿರುಗಿ ನೋಡುತ್ತಾರೆ. ಸಂಜೆಯೊಳಗೆ ಮಾವನಿಗೆ ಸುದ್ದಿ ಮುಟ್ಟಿರುತ್ತೆ. ಹೀಗೆ ಪ್ರತಿ ಕಂತಿನಲ್ಲೂ ಒಬ್ಬ ಮೂರನೆಯವರು ನೋಡಲೇಬೇಕು ಅಂತ ನನ್ನ ನಿಯಮ. ಮೀನು ಮಾರುವವಳು, ಮೆಡಿಕಲ್ ಅಂಗಡಿಯವನು, ಬಲೆ ಹೊಲಿಯುವ ಅಜ್ಜ, ಯಾರಾದರೂ ಸರಿ. ಇಬ್ಬರನ್ನೇ ಬಿಟ್ಟ ಎರಡು ಕಂತು ಮಧ್ಯೆ ಹಾಕಿ ನೋಡಿದೆ. ಎರಡೂ ಮಂಕಾದವು.

ಅಡ್ಡಿ ಯಾವುದು ಅನ್ನುವುದರ ಮೇಲೆ ಬಹಳ ಒದ್ದಾಡಿದೆ. ಶ್ರೀಮಂತ-ಬಡವ ಹಳಸಿದೆ. ಖಳನಾಯಕಿ ಅತ್ತಿಗೆ ಟಿವಿಯಲ್ಲೇ ಸಾಕಷ್ಟಿದ್ದಾಳೆ. ಕೊನೆಗೆ ಬಳಿ, ಅಂದರೆ ಗೋತ್ರದ ಹಾಗಿನ ಕುಲದ ಹೆಸರು, ಅದನ್ನು ಹಿಡಿದೆ. ತಾಯಿ ಕಡೆಯಿಂದ ಬರುವ ಬಳಿ ಒಂದೇ ಆದರೆ ಮದುವೆ ಇಲ್ಲ, ಅವರು ಅಣ್ಣತಂಗಿ ಲೆಕ್ಕ. ಹದಿನಾರನೇ ಕಂತಿನಲ್ಲಿ ಅಜ್ಜಿಯ ಹಳೇ ಪೆಟ್ಟಿಗೆಯ ಕಾಗದದಿಂದ ಒಂದು ಅನುಮಾನ ಏಳುತ್ತೆ. ಅದು ಹೇಗೆ ಬಿಡಿಸಿಕೊಂಡಿತು ಅಂತ ಇಲ್ಲಿ ಹೇಳಲ್ಲ, ಪುಸ್ತಕ ಇನ್ನೂ ಮಾರಾಟಕ್ಕಿದೆ.

ನಡುನಡುವೆ ಸಣ್ಣಪುಟ್ಟ ಪ್ರಯೋಗಗಳೂ ಆದವು. ಮುಖಪುಟಕ್ಕೆ ಮೊದಲು ಸೂರ್ಯಾಸ್ತ ಇಟ್ಟಿದ್ದೆ. ಅದನ್ನು ತೆಗೆದು ಮಳೆಯಲ್ಲಿ ನಿಂತ ಖಾಲಿ ಬಸ್ ಸ್ಟ್ಯಾಂಡ್ ಇಟ್ಟೆ. ಒಂದು ವಾರದಲ್ಲಿ ಹೊಸ ಓದುಗರು ಹತ್ತಿರ ಹತ್ತಿರ ದುಪ್ಪಟ್ಟು. ಇದೇ ಕಥೆಯನ್ನು ಹೆಸರು ಬದಲಿಸಿ ಸಕಲೇಶಪುರದ ಕಾಫಿ ತೋಟಕ್ಕೆ ಸಾಗಿಸಿ ಬೇರೆ ಹೆಸರಲ್ಲಿ ಹಾಕಿದೆ. ಎದ್ದು ನಿಲ್ಲಲಿಲ್ಲ. ತೋಟದಲ್ಲಿ ಮನೆಗೂ ಮನೆಗೂ ದೂರ, ನೋಡುವವರಿಲ್ಲ, ಹೊರಡುವ ತಾರೀಖೂ ಇಲ್ಲ. ಕಂತಿನ ಕೊನೆಯಲ್ಲಿ ಅಡುಗೆ ಸೇರಿಸಿದ್ದು ಬೇರೆಯೇ ಕಥೆ. ಒಣಮೀನಿನ ಚಟ್ನಿ ಹಾಕಿದ ದಿನ ಕಾಮೆಂಟಿನಲ್ಲಿ ಮಹಾಯುದ್ಧ. ಕಾಯಿ ಜಾಸ್ತಿ ಅಂದವರು ಅರ್ಧ, ಮೀನೇ ಬೇಡ ಅಂದವರು ಅರ್ಧ. ಕಥೆ ಯಾರಿಗೂ ನೆನಪಿರಲಿಲ್ಲ. ನಾಲ್ಕು ಅಡುಗೆ ಆದಮೇಲೆ ನಿಲ್ಲಿಸಿದೆ. ಆಡಿಯೋ ಮಾಡಿಸಲು ಆರು ಸಾವಿರ ಖರ್ಚು ಮಾಡಿದೆ. ಓದಿದ ಹುಡುಗಿಗೆ ಕುಂದಗನ್ನಡ ಬರಲಿಲ್ಲ, ಮೂರು ಕಂತಿಗೆ ಕೈಬಿಟ್ಟೆ. ಆ ದುಡ್ಡು ನೀರಿಗೆ.

ದುಡ್ಡಿನ ಲೆಕ್ಕ ಕೇಳುವವರೇ ಜಾಸ್ತಿ, ಹೇಳಿಬಿಡುತ್ತೇನೆ. ಮೊದಲ ಮಳೆಗಾಲ ಎರಡು ತಿಂಗಳಿಗೆ ಆ್ಯಪಿನಿಂದ ಹದಿನೆಂಟು ಸಾವಿರದ ಆಸುಪಾಸು. ಈಗ ಹಳೇ ಕಂತುಗಳಿಂದಲೇ ಮಳೆಗಾಲದಲ್ಲಿ ತಿಂಗಳಿಗೆ ಐದಾರು ಸಾವಿರ, ಬೇಸಿಗೆಯಲ್ಲಿ ಸಾವಿರದ ಒಳಗೆ. ಆ ಹುಮ್ಮಸ್ಸಿನಲ್ಲಿ ಪುಸ್ತಕ ಮಾಡಿಸಿದೆ. 1/8 ಡೆಮಿ ಅಳತೆ, 220 ಪುಟ, 500 ಪ್ರತಿ. ಪುಟ ಜೋಡಿಸುವ ಡಿಟಿಪಿ, ಮುಖಪುಟ ಎಲ್ಲಾ ಸೇರಿ 50 ಸಾವಿರದ ಹತ್ತಿರ. ಬೆಲೆ 240 ಇಟ್ಟೆ. ಒಬ್ಬ ಮಾರಾಟಗಾರರು 40 ಪರ್ಸೆಂಟ್ ಕಮಿಷನ್ ಅಂತ ನೂರೈವತ್ತು ಪ್ರತಿ ಒಯ್ದರು. ಇವತ್ತಿಗೂ ಲೆಕ್ಕ ಬಂದಿಲ್ಲ, ಫೋನ್ ಮಾಡಿದರೆ "ಮುಂದಿನ ವಾರ ಸರ್". ಉಳಿದದ್ದನ್ನು ನಾನೇ ಪೋಸ್ಟಿಗೆ ಹಾಕಿದೆ. ವಿಳಾಸ ಬರೆಯುವುದು, ಟೇಪ್ ಸುತ್ತುವುದು ಎಲ್ಲಾ ಹೆಂಡತಿ. ಮುನ್ನೂರು ಚಿಲ್ಲರೆ ಹೋಗಿವೆ. ಹಾಕಿದ ದುಡ್ಡು ಬಂತು, ಮೇಲೆ ಒಂದು ಮಿಕ್ಸಿ ಬಂತು. ಪುಸ್ತಕದಲ್ಲೇ ಶ್ರೀಮಂತರಾಗುವ ಆಸೆ ಇದ್ದವರು 200 ಪ್ರತಿಯಿಂದ ಶುರು ಮಾಡಿ, ಮಾರಾಟಗಾರರಿಗೆ ಮುಂಗಡ ಇಲ್ಲದೆ ಒಂದು ಕಟ್ಟೂ ಕೊಡಬೇಡಿ.

ನನ್ನ ಕಥೆಯ ಊರಿನ ನಕ್ಷೆ ಕಳಿಸಿ ಅಂತ ಕೇಳುತ್ತಾರೆ. ಯಾರ ಮನೆಯಿಂದ ಯಾರ ಮನೆ ಕಾಣುತ್ತೆ, ಯಾವ ಬಸ್ಸು ಎಷ್ಟು ಹೊತ್ತಿಗೆ ಅಂತ ಡ್ರಾಯಿಂಗ್ ಶೀಟಿನಲ್ಲಿ ಬರೆದದ್ದು. ಅದು ಕೊಡಲ್ಲ. ಶುಕ್ರವಾರದ ಕಂತನ್ನು ಎಲ್ಲಿ ಕತ್ತರಿಸುತ್ತೇನೆ ಅನ್ನುವುದನ್ನೂ ಕೇಳಬೇಡಿ.

ಈ ಸಲದ ಹೊಸ ಕಥೆಯ ಊರು ಮಲ್ಪೆ. ಎದುರಿಗೆ ಸೇಂಟ್ ಮೇರೀಸ್ ದ್ವೀಪ ಕಾಣುತ್ತೆ, ಮಳೆಗಾಲದಲ್ಲಿ ಅಲ್ಲಿಗೆ ಪ್ರವಾಸಿ ಬೋಟು ಬಂದ್. ಅಷ್ಟು ಸಾಕು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ. 26 ಕಂತಿನಲ್ಲಿ ಹದಿಮೂರು ಮೇ ತಿಂಗಳೊಳಗೆ ಕೈಯಲ್ಲಿ ಇರಬೇಕು, ಈಗ ಎಂಟಾಗಿವೆ. ಆದರೆ ಅಲ್ಲಿ ಮನೆಮಾತು ತುಳು, ನನ್ನ ಬೀಜಾಡಿಯವರು ಕೈಚೆಲ್ಲಿದ್ದಾರೆ. ಗುಂಪಿನಲ್ಲಿ ಮಲ್ಪೆ, ಕಲ್ಮಾಡಿ ಕಡೆಯವರು ಯಾರಾದರೂ ಇದ್ದರೆ ಹೇಳಿ. ಕಂತಿಗೆ 150 ಕೊಡುತ್ತೇನೆ, ಚಹಾ ಬೇರೆ.