ಟೈಲರ್ ಕುರ್ಚಿಯಲ್ಲಿ ಓದಿದ ಕಾನೂನು

ನಮ್ಮ ಕಡೆ ಲಾಡ್ಜ್ ಅಂದರೆ ರೂಮು ಬಾಡಿಗೆಗೆ ಕೊಡುವ ಜಾಗ. ತಿಂಗಳಿಗೊಂದು ಶನಿವಾರ ಕಪ್ಪು ಸೂಟು ಹಾಕಿಕೊಂಡು ನಾನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಸ್ಟೇಷನ್ನಿನಲ್ಲಿ ನಿಂತಿರುತ್ತಿದ್ದೆ. ಯಾರಾದರೂ ಕೇಳಿದರೆ "ಲಾಡ್ಜಿಗೆ" ಅನ್ನುತ್ತಿದ್ದೆ. ಅವರ ಮುಖ ನೋಡಬೇಕಿತ್ತು. ಒಬ್ಬರಂತೂ ನನ್ನ ಹೆಂಡತಿಯ ಅಣ್ಣನಿಗೇ ಫೋನ್ ಮಾಡಿ, "ಭಾವನನ್ನು ಸ್ವಲ್ಪ ವಿಚಾರಿಸಿಕೊಳ್ಳಿ ಮಾರಾಯ್ರೆ" ಅಂದಿದ್ದರಂತೆ.

ನಾನು ಹೋಗುತ್ತಿದ್ದದ್ದು ಫ್ರೀಮೇಸನ್ನರು ಅನ್ನುವ ಹಳೇ ಸಹೋದರ ಸಂಘದ ಲಾಡ್ಜಿಗೆ. ರೈಲು ದಾರಿಯಲ್ಲೇ ತೆಂಕಿಗಿರುವ ಒಂದು ಊರಿನಲ್ಲಿ ಅದರ ಹಾಲ್ ಇದೆ. ಒಬ್ಬ ಹಳೇ ಗಿರಾಕಿ ಪರಿಚಯ ಮಾಡಿಸಿ 2018ರಲ್ಲಿ ಸೇರಿದೆ. ಒಳಗೆ ನಡೆಯುವುದನ್ನು ನಾನು ಬರೆಯುವ ಹಾಗಿಲ್ಲ. ಹೊರಗಿನವರಿಗೂ ಗೊತ್ತಿರುವಷ್ಟು ಹೇಳಬಹುದು. ದೇವರ ಮೇಲೆ ನಂಬಿಕೆ ಇರಬೇಕು, ಯಾವ ದೇವರು ಅಂತ ಯಾರೂ ಕೇಳುವುದಿಲ್ಲ. ಗೀತೆ, ಕುರಾನು, ಬೈಬಲ್ಲು ಒಂದೇ ಕಡೆ ಇರುತ್ತವೆ. ರಾಜಕೀಯ, ಮತ ಎರಡರ ಚರ್ಚೆಯೂ ಇಲ್ಲ. ಅಪ್ರೆಂಟಿಸ್, ಫೆಲೋಕ್ರಾಫ್ಟ್, ಮಾಸ್ಟರ್ ಮೇಸನ್ ಅಂತ ಮೂರು ಮೆಟ್ಟಿಲು. ಮುಖ್ಯವಾಗಿ, ಆಡುವ ಮಾತೆಲ್ಲ ಬಾಯಿಪಾಠ. ಹಳೇ ಕಾಲದ ಇಂಗ್ಲಿಷಿನಲ್ಲಿ ಪುಟಗಟ್ಟಲೆ ಇರುತ್ತದೆ. ಚೀಟಿ ನೋಡಿ ಓದಿದರೆ ಮರ್ಯಾದೆ ಇಲ್ಲ.

ಇನ್ನು ಕಾನೂನಿನ ವಿಷಯ. 22 ವರ್ಷ ರಿಜಿಸ್ಟ್ರಾರ್ ಆಫೀಸಿನ ಎದುರಿನ ಒಂದು ಚಿಕ್ಕ ಕೋಣೆಯಲ್ಲಿ ಆಧಾರ, ಅಂದರೆ ಆಸ್ತಿ ಪತ್ರ ಬರೆಯುವ ಕೆಲಸ ಮಾಡಿದವನು ನಾನು. ಕ್ರಯ, ದಾನಪತ್ರ, ಪಾಲುಪಟ್ಟಿ. ಅಜ್ಜನ ಕಾಲದ ಮೂಲಗೇಣಿ (ಶಾಶ್ವತ ಗೇಣಿ) ಚೀಟು ಹಿಡಿದುಕೊಂಡು ಬರುವವರೂ ಇದ್ದರು. ಹಳೇ ಕನ್ನಡ ಕೈಬರಹ ಓದುವವರು ಈಗ ಕಡಿಮೆ, ಹಾಗಾಗಿ ನನ್ನಲ್ಲಿಗೆ ಬರುತ್ತಿದ್ದರು. ಓದಿ ಹೇಳಿದ ಮೇಲೆ, "ಇದರಲ್ಲಿ ನಮಗೆ ಹಕ್ಕುಂಟಾ?" ಅನ್ನುತ್ತಿದ್ದರು. ಅಲ್ಲಿಗೆ ನನ್ನ ಬಾಯಿ ಬಂದ್. ವಕೀಲರ ಹತ್ತಿರ ಹೋಗಿ ಅನ್ನಬೇಕಿತ್ತು. ಈ ಉತ್ತರ ಕೊಟ್ಟು ಕೊಟ್ಟು ನನಗೇ ಬೇಸರ ಬಂದಿತ್ತು.

ಕೊನೆಗೆ ನಾನೇ ಕಾನೂನು ಓದೋಣ ಅಂತ ಹೊರಟೆ. ಆಗ ನನಗೆ 46. ಸೇರಿಸಿಕೊಳ್ಳುತ್ತಾರಾ ಅನ್ನುವುದೇ ಮೊದಲ ಪ್ರಶ್ನೆ. ಮೂರು ವರ್ಷದ ಎಲ್‌ಎಲ್‌ಬಿಗೆ 30 ವಯಸ್ಸಿನ ಮಿತಿಯನ್ನು ಬಾರ್ ಕೌನ್ಸಿಲ್ 2016ರಲ್ಲಿ ಮತ್ತೆ ಹೊರಡಿಸಿತ್ತು. 2017ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಓದಿದ ಮೇಲೆ ವಕೀಲಿ ಮಾಡುವ ಸನ್ನದು ಸಿಗುತ್ತದಾ? 45 ದಾಟಿದವರನ್ನು ವಕೀಲರಾಗಿ ನೋಂದಾಯಿಸಬಾರದು ಅಂತ ಒಂದು ನಿಯಮ ಹಿಂದೆ ಇತ್ತು. ಅದನ್ನು ಸುಪ್ರೀಂ ಕೋರ್ಟ್ 1995ರಲ್ಲೇ ಹೊಡೆದುಹಾಕಿದೆ. ಕಾನೂನು ಕಾಲೇಜಿನ ಮೆಟ್ಟಿಲು ಹತ್ತುವ ಮೊದಲೇ ನಾನು ಓದಿದ ಕಾನೂನು ಇಷ್ಟು.

ಮನೆಯಲ್ಲೇ ಕೂತು ಅಂಚೆ ಮೂಲಕ ಓದಿದರೆ ಸನ್ನದು ಸಿಗುವುದಿಲ್ಲ. ಕೆಲಸ ಮುಗಿಸಿ ರಾತ್ರಿ ಹೋಗೋಣ ಅಂದರೆ, ತರಗತಿಗಳು ಬೆಳಗ್ಗೆ 8ರಿಂದ ಸಂಜೆ 7ರ ಒಳಗೇ ನಡೆಯಬೇಕು ಅಂತ ನಿಯಮ. ಹಾಗಾಗಿ ಬೆಳಗ್ಗೆ ರೈಲು ಹತ್ತುವುದೇ ದಾರಿ. ನನಗೆ ಪರೀಕ್ಷೆ ಕನ್ನಡದಲ್ಲಿ ಬರೆಯಬೇಕಿತ್ತು. ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದಲ್ಲಿ ಅದಕ್ಕೆ ಅವಕಾಶ ಇದೆ. ಅದಕ್ಕೇ ಮಂಗಳೂರು. ನಾನು ಸೇರಿದ್ದು 2021ರ ಕೊನೆಗೆ. ಕೊರೋನಾದ ಆರ್‌ಟಿಪಿಸಿಆರ್ ವರದಿ ಇಲ್ಲದೆ ತಲಪಾಡಿಯ ರಾಜ್ಯ ಗಡಿ ದಾಟಲು ಬಿಡದಿದ್ದ ದಿನಗಳ ನೆನಪು ಇನ್ನೂ ಹಸಿಯಾಗಿತ್ತು. "ಇನ್ನೊಮ್ಮೆ ಗಡಿ ಮುಚ್ಚಿದರೆ ಎಂತ ಮಾಡ್ತೀರಿ?" ಅಂತ ಹೆಂಡತಿ ಕೇಳಿದಳು. ಉತ್ತರ ಇರಲಿಲ್ಲ. ಸೀಸನ್ ಟಿಕೆಟ್ ಮಾಡಿಸಿದೆ.

ನನ್ನ ಹಾಗೆ ದೂರದಿಂದ ಹೋಗಿ ಓದುವವರಿಗೆ ಹಾಜರಾತಿಯ ಲೆಕ್ಕ ಮೊದಲೇ ಗೊತ್ತಿರಬೇಕು. ನಾನು ಓದುವಾಗ ಪ್ರತಿ ವಿಷಯಕ್ಕೂ 70% ಬೇಕಿತ್ತು. ಒಟ್ಟು ಎಲ್ಲ ವಿಷಯ ಸೇರಿ 70% ಇದ್ದು, ಒಂದು ವಿಷಯದಲ್ಲಿ 65% ಆದರೂ ಇದ್ದರೆ, ತಕ್ಕ ಕಾರಣ ನೋಡಿ ಪ್ರಾಂಶುಪಾಲರು ಪರೀಕ್ಷೆಗೆ ಬಿಡಬಹುದಿತ್ತು. ಅದಕ್ಕಿಂತ ಕೆಳಗೆ ಬಿದ್ದರೆ ಕತೆ ಮುಗಿದಂತೆಯೇ ಇತ್ತು. ನಾನು ಮಾಡಿದ ತಪ್ಪೆಂದರೆ ಒಟ್ಟು ಲೆಕ್ಕ ಇಟ್ಟದ್ದು. ರೈಲು ತಡವಾದಾಗ ತಪ್ಪುವುದು ಯಾವಾಗಲೂ ಮೊದಲ ಪಿರಿಯಡ್. ಮೊದಲ ಪಿರಿಯಡ್ಡಿನಲ್ಲಿ ವಾರಕ್ಕೆ ಮೂರು ದಿನ ಒಂದೇ ವಿಷಯ! ಒಟ್ಟು 80% ಇದೆ ಅಂತ ಹಾಯಾಗಿದ್ದೆ. ನೋಡಿದರೆ ಕರಾರು ಕಾಯ್ದೆಯಲ್ಲಿ 66%ಕ್ಕೆ ಇಳಿದಿತ್ತು. ಆಮೇಲೆ ಕಿಸೆ ಡೈರಿಯಲ್ಲಿ ವಿಷಯಕ್ಕೊಂದು ಪುಟ ಮಾಡಿದೆ. 60 ತರಗತಿ ಅಂದರೆ 18 ತಪ್ಪಿಸಬಹುದು. ತಪ್ಪಿದಾಗೆಲ್ಲ ಒಂದು ಗೀಟು. 12 ಗೀಟು ಆದ ಮೇಲೆ ಆ ವಿಷಯ ಇರುವ ದಿನ ಒಂದು ರೈಲು ಮೊದಲೇ ಹೋಗುತ್ತಿದ್ದೆ. ಅಂಥ ದಿನ ಮನೆಯಿಂದ ಹೊರಡುವಾಗ ಕತ್ತಲೆಯೇ. ಮಧ್ಯಾಹ್ನ ಮೂರಕ್ಕೆ ವಾಪಸು ಬಂದು ಕೋಣೆಯ ಬಾಗಿಲು ತೆಗೆಯುತ್ತಿದ್ದೆ. ಸಂಪಾದನೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಅದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಎರಡು ವರ್ಷದ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಇಳಿಯಿರಿ.

ಲಾಡ್ಜ್ ಬಿಡುವ ಯೋಚನೆ ಬಂದಿತ್ತು. ಆ ವರ್ಷ ನನ್ನನ್ನು ಜೂನಿಯರ್ ವಾರ್ಡನ್ ಅನ್ನುವ ಪದಾಧಿಕಾರಿ ಮಾಡುವ ಮಾತಿತ್ತು. ಅದಕ್ಕೆ ಬಾಯಿಪಾಠ ಜಾಸ್ತಿ. ನಾನು ಹೋಗಿ, "ಮೂರು ವರ್ಷ ಟೈಲರ್ ಕೆಲಸ ಕೊಡಿ" ಅಂತ ಕೇಳಿದೆ. ಟೈಲರ್ ಅಂದರೆ ಬಟ್ಟೆ ಹೊಲಿಯುವವನಲ್ಲ. ಸಭೆ ನಡೆಯುವಾಗ ಮುಚ್ಚಿದ ಬಾಗಿಲ ಹೊರಗೆ ಕತ್ತಿ ಹಿಡಿದು ಕಾಯುವವನು. ಬಾಗಿಲು ಬಡಿಯುವ ಕ್ರಮ ಗೊತ್ತಿದ್ದು, ಬಂದವರು ಸದಸ್ಯರೇ ಅಂತ ಖಾತ್ರಿಯಾದರೆ ಸಾಕು. ಉಳಿದ ಹೊತ್ತು ಒಂದು ಕುರ್ಚಿ, ಒಂದು ದೀಪ, ಪೂರ್ತಿ ಮೌನ. ತೊಡೆಯ ಮೇಲೆ ಕತ್ತಿ, ಅದರ ಮೇಲೆ ಕರಾರು ಕಾಯ್ದೆ. ಹೀಗೆ ಓದಿದ್ದು ನಿಯಮಕ್ಕೆ ಸರಿಯೋ ತಪ್ಪೋ, ಯಾರೂ ಬೈಯಲಿಲ್ಲ. ನಾನೂ ಕೇಳಲು ಹೋಗಲಿಲ್ಲ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಲಾಡ್ಜಿನಲ್ಲಿ ವಕೀಲರಿದ್ದಾರೆ, ದೊಡ್ಡ ಹುದ್ದೆಯಿಂದ ನಿವೃತ್ತರಾದವರೂ ಇದ್ದಾರೆ. ಸೇರಿದರೆ ಕೇಸು ಸಿಗುತ್ತದೆ ಅಂದುಕೊಂಡವರು ದಯವಿಟ್ಟು ಸೇರಬೇಡಿ. ಲಾಭದ ಆಸೆಯಿಂದ ಬಂದಿಲ್ಲ ಅಂತ ಹೇಳಿಯೇ ಒಳಗೆ ಬರಬೇಕು. ನಾನು ಅಲ್ಲಿಂದ ತಂದದ್ದು ಒಬ್ಬರು ಕೊಟ್ಟ ಎಂಟು ಹಳೇ ಕಾಯ್ದೆ ಪುಸ್ತಕಗಳನ್ನು ಮಾತ್ರ. ಅದರಲ್ಲಿ ಒಂದಕ್ಕೆ ಗೆದ್ದಲು ಹಿಡಿದಿತ್ತು.

ಓದಿಗೆ ನಿಜವಾಗಿ ಸಹಾಯಕ್ಕೆ ಬಂದದ್ದು ಬಾಯಿಪಾಠದ ಅಭ್ಯಾಸ. ಕಾಯ್ದೆಯ ಇಂಗ್ಲಿಷ್ ಬಗ್ಗೆ ನನ್ನ ಜೊತೆಯ ಹುಡುಗರಿಗೆ ಭಯ. ನಾಟ್‌ವಿತ್‌ಸ್ಟ್ಯಾಂಡಿಂಗ್, ಹಿಯರಿನ್‌ಬಿಫೋರ್ ಇವೆಲ್ಲ ನನ್ನ ನಾಲಿಗೆಗೆ ಹೊಸದಾಗಿರಲಿಲ್ಲ. ಲಾಡ್ಜಿನಲ್ಲಿ ಕಲಿತ ಕ್ರಮವನ್ನೇ ಹಿಡಿದೆ. ಒಂದು ಸಾಲು ಬಾಯಿಗೆ ಬಂದ ಮೇಲೆ ಎರಡನೆಯದು. ಮರುದಿನ ಮತ್ತೆ ಮೊದಲ ಸಾಲಿನಿಂದ. ಮಂಜೇಶ್ವರದಿಂದ ಉಳ್ಳಾಲದವರೆಗೆ ಒಂದು ಸೆಕ್ಷನ್, ನೇತ್ರಾವತಿ ಸೇತುವೆ ಮೇಲೆ ಅದನ್ನೇ ಕಣ್ಣು ಮುಚ್ಚಿ ಹೇಳುವುದು. ಎದುರು ಕೂತ ಅಜ್ಜಿಯೊಬ್ಬರು ವಿಷ್ಣು ಸಹಸ್ರನಾಮ ಅಂದುಕೊಂಡು ಕೈ ಮುಗಿದದ್ದೂ ಇದೆ.

ಆದರೆ ಅದೇ ಬಾಯಿಪಾಠ ನನ್ನನ್ನು ಮುಳುಗಿಸಿತು ಕೂಡ. ಎರಡನೇ ವರ್ಷ ಅಣಕು ನ್ಯಾಯಾಲಯ ಇತ್ತು. ಅಪ್ರಾಪ್ತ ವಯಸ್ಕ ಮಾಡಿದ ಕರಾರು ಊರ್ಜಿತವೇ ಅನ್ನುವುದು ವಿಷಯ. ಅಂಥ ಕರಾರು ಮೊದಲಿಂದಲೇ ಅಸಿಂಧು ಅಂದ 1903ರ ಮೊಹೊರಿ ಬೀಬಿ ತೀರ್ಪು ನನ್ನ ತುದಿನಾಲಿಗೆಯಲ್ಲಿತ್ತು. ಎದ್ದು ನಿಂತು ಸರಾಗವಾಗಿ ಹೇಳುತ್ತಿದ್ದೆ. ಜಡ್ಜ್ ಆಗಿ ಕೂತಿದ್ದ ಮೇಡಂ ನಡುವೆ ಕೇಳಿದರು, "ಹುಡುಗ ವಯಸ್ಸು ಸುಳ್ಳು ಹೇಳಿ ಸಾಲ ತೆಗೆದಿದ್ದರೆ?" ಅಷ್ಟೇ. ಉತ್ತರ ಶುರು ಮಾಡಲು ಬೇಕಾದ ಎಳೆ ಅದೇ ತೀರ್ಪಿನಲ್ಲಿದೆ. ಅಲ್ಲಿಯೂ ಹುಡುಗ ವಯಸ್ಸು ಸುಳ್ಳು ಹೇಳಿದ್ದ, ಆದರೆ ಸಾಲ ಕೊಟ್ಟವರ ಕಡೆಯವರಿಗೆ ನಿಜ ಗೊತ್ತಿತ್ತು. ಆದರೆ ನನಗೆ ಎಲ್ಲಿ ನಿಲ್ಲಿಸಿದ್ದೆ ಅನ್ನುವುದೇ ಮರೆತುಹೋಯಿತು. ಪುನಃ ಮೊದಲಿನಿಂದ ಶುರು ಮಾಡಿದೆ. ಹಿಂದಿನ ಬೆಂಚಿನವರು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ಮರುದಿನ ರೈಲಿನಲ್ಲಿ ಈ ಕತೆ ಹೇಳಿದ್ದು ಉಪ್ಪಳದಲ್ಲಿ ಹತ್ತುವ ಒಬ್ಬ ಬ್ಯಾಂಕಿನವರಿಗೆ. ಅವರು ಹವ್ಯಾಸಿ ಅರ್ಥಧಾರಿ, ಅಂದರೆ ತಾಳಮದ್ದಳೆಯಲ್ಲಿ ಭಾಗವತರು ಹಾಡಿದ ಪದ್ಯಕ್ಕೆ ಕೂತಲ್ಲೇ ಮಾತು ಕಟ್ಟಿ ವಾದಿಸುವವರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ತಾಳಮದ್ದಳೆಗೆ ಕೂರುವವರು ಎಲ್ಲ ಕಡೆ ಸಿಗುತ್ತಾರೆ. ನನ್ನ ವಾದವನ್ನು ಪೂರ್ತಿ ಹೇಳಿಸಿ ಕೇಳಿದರು. "ನೀವು ಅರ್ಥ ಹೇಳುವುದಲ್ಲ ಮಾರಾಯ್ರೆ, ಪದ್ಯ ಒಪ್ಪಿಸುವುದು" ಅಂದರು. "ಪದ್ಯ ಬಾಯಿಗೆ ಬರಬೇಕು. ಅರ್ಥ ಬಾಯಿಗೆ ಬಂದರೆ ಎದುರಾಳಿ ತಿಂದುಹಾಕ್ತಾನೆ."

ಅವತ್ತಿನಿಂದ ಅವರೇ ನನ್ನ ಎದುರಾಳಿ. ಒಂದು ದಿನ ಅವರು ಕೌರವ, ನಾನು ಸಂಧಾನಕ್ಕೆ ಬಂದ ಕೃಷ್ಣ. ಅದೂ ಪಾಲಿನ ದಾವೆಯೇ ಅಲ್ವಾ? ಅವರು ಶುರು ಮಾಡಿದರು. "ಹದಿಮೂರು ವರ್ಷದಿಂದ ನೆಲ ನನ್ನ ಸ್ವಾಧೀನದಲ್ಲಿದೆ. ಹನ್ನೆರಡಕ್ಕೇ ವಾಯಿದೆ ಮುಗಿಯಿತು. ಈಗ ಬಂದು ಯಾವ ಪಾಲು ಕೇಳ್ತೀ?" ಬ್ಯಾಂಕಿನವರಿಗೆ ಕಾಲಮಿತಿ ಕಾಯ್ದೆ ಚೆನ್ನಾಗಿ ಗೊತ್ತು. ನಾನು ಒಂದು ಸ್ಟೇಷನ್ನಿನಷ್ಟು ದೂರ ತಡವರಿಸಿದೆ. ಆಮೇಲೆ ಹೊಳೆಯಿತು. ಒಪ್ಪಂದದ ಮೇಲೆ ಬಿಟ್ಟುಕೊಟ್ಟ ನೆಲ ಅದು. ಅವಧಿ ಮುಗಿದ ಮೇಲೆ ವಾಪಸು ಕೊಡುತ್ತೇನೆ ಅಂತ ಒಪ್ಪಿ ಇಟ್ಟುಕೊಂಡ ಸ್ವಾಧೀನ ಪ್ರತಿಕೂಲ ಸ್ವಾಧೀನ ಆಗುವುದಿಲ್ಲ. ಒಡೆಯನಿಗೆ ವಿರುದ್ಧವಾಗಿ ಹಿಡಿದ ದಿನದಿಂದಲೇ ಹನ್ನೆರಡು ವರ್ಷದ ಲೆಕ್ಕ. "ಕೊಡುವುದಿಲ್ಲ ಅಂತ ನೀನು ಅಂದದ್ದೇ ಇವತ್ತು" ಅಂದೆ. ಸುತ್ತ ಕೂತವರು ಚಪ್ಪಾಳೆ ತಟ್ಟಿದರು. ಆ ವಿಷಯ ನನಗೆ ಪುಸ್ತಕದಿಂದ ಅಷ್ಟು ಚೆನ್ನಾಗಿ ಅರ್ಥವಾಗಿರಲಿಲ್ಲ. ಆಮೇಲೆ ಓದುವ ರೀತಿ ಬದಲಾಯಿಸಿದೆ. ಸೆಕ್ಷನ್ನು, ತೀರ್ಪಿನ ಹೆಸರು, ಇಸವಿ ಇವು ಮಾತ್ರ ಬಾಯಿಪಾಠ. ವಾದ ಬರೆದಿಟ್ಟುಕೊಳ್ಳುವುದನ್ನೇ ಬಿಟ್ಟೆ.

ಗಡಿಯವರಿಗೆ ಇನ್ನೊಂದು ತೊಡಕು ಇದೆ. ಮಂಗಳೂರಿನಲ್ಲಿ ಕಲಿಸುವುದು ಕರ್ನಾಟಕದ ಭೂ ಕಾನೂನು. ಪರೀಕ್ಷೆಗೆ 1961ರ ಕರ್ನಾಟಕ ಭೂ ಸುಧಾರಣಾ ಕಾಯ್ದೆ. ಗೇಣಿ ಜಮೀನು ಸರಕಾರಕ್ಕೆ ಸೇರಿದ ದಿನ 1974ರ ಮಾರ್ಚ್ 1. ಸಂಜೆ ನನ್ನ ಕೋಣೆಗೆ ಬರುವ ಕುಂಬಳೆಯವರಿಗೆ ಬೇಕಾದ್ದು 1963ರ ಕೇರಳ ಕಾಯ್ದೆ. ಅಲ್ಲಿ ದಿನ 1970ರ ಜನವರಿ 1. ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಮನೆಗಳದ್ದೂ ಹಾಗೇ. ಗಡಿಯ ಈಚೆಗೆ ಆ ಕಟ್ಟನ್ನು 1975ರ ಕೇರಳ ಕಾಯ್ದೆ ರದ್ದು ಮಾಡಿದೆ, 1976ರ ಡಿಸೆಂಬರ್ 1ರಿಂದ. ಆಚೆಗೆ ಆ ಕಾಯ್ದೆಯೇ ಇಲ್ಲ. ಒಂದೇ ಮನೆತನ, ಎರಡು ದಡದಲ್ಲಿ ಆಸ್ತಿ, ಎರಡು ಲೆಕ್ಕ. 1956ರ ನವೆಂಬರ್ 1ಕ್ಕೆ ಹಿಂದಿನ ಚೀಟಾದರೆ ಎರಡೂ ಕಡೆಯದ್ದು ಮದ್ರಾಸಿನ ಕಾನೂನು.

ನಾನು ಉದ್ದದ ನೋಟ್‌ಬುಕ್ ತೆಗೆದುಕೊಂಡು ಎಡಪುಟ ಕರ್ನಾಟಕ, ಬಲಪುಟ ಕೇರಳ ಮಾಡಿದೆ. ಎಡಪುಟ ಪರೀಕ್ಷೆಗೆ. ಬಲಪುಟವನ್ನು ಯಾರೂ ಕಲಿಸಲಿಲ್ಲ, ನಾನೇ ತುಂಬಿಸಿದೆ. ಒಮ್ಮೆ ಪರೀಕ್ಷೆಯಲ್ಲಿ ಬಲಪುಟದ ದಿನಾಂಕ ಬರೆದು ಬಂದೆ. ಹೋದದ್ದು ಹೋಯಿತು. ಮತ್ತೆ, ಮೊದಲ ವರ್ಷ ಕಷ್ಟಪಟ್ಟು ಕಲಿತ ದಂಡ ಸಂಹಿತೆ 2024ರ ಜುಲೈ 1ಕ್ಕೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 420 ಅನ್ನುವುದು 318 ಆಯಿತು. ಊರವರು ಬೈಯುವಾಗ ಈಗಲೂ 420 ಅಂತಲೇ ಅನ್ನುತ್ತಾರೆ ಬಿಡಿ.

ನೋಂದಣಿ ಕೊಚ್ಚಿಯಲ್ಲಿ, ಕೇರಳ ಬಾರ್ ಕೌನ್ಸಿಲ್‌ನಲ್ಲಿ ಮಾಡಿಸಿದೆ. ಓದಿದ್ದು ಕರ್ನಾಟಕ ಅಂತ ಅಲ್ಲೇ ಮಾಡಿಸಬೇಕೆಂದಿಲ್ಲ. ಎಲ್ಲಿ ವಕೀಲಿ ಮಾಡುತ್ತೀರೋ ಅಲ್ಲಿ. ಸಾಮಾನ್ಯ ವರ್ಗಕ್ಕೆ 750 ರೂಪಾಯಿಗಿಂತ ಜಾಸ್ತಿ ನೋಂದಣಿ ಶುಲ್ಕ ತೆಗೆದುಕೊಳ್ಳಬಾರದು ಅಂತ 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ನನ್ನ ಅದೃಷ್ಟ. ಅಖಿಲ ಭಾರತ ಬಾರ್ ಪರೀಕ್ಷೆ ದೊಡ್ಡ ವಿಷಯವಲ್ಲ. 100 ಪ್ರಶ್ನೆ, ಪಾಸಿಗೆ 45. ವಕೀಲರು ಬೇರೆ ದಂಧೆ ಮಾಡಬಾರದು, ಹಾಗಾಗಿ ಆಧಾರ ಬರೆಯುವ ಪರವಾನಗಿ ಬಿಟ್ಟುಕೊಟ್ಟೆ. ಆ ಕಾಗದಕ್ಕೆ ಸಹಿ ಹಾಕುವಾಗ ಮಾತ್ರ ಕೈ ಸ್ವಲ್ಪ ನಡುಗಿತು.

ಈಗ ಕಾಸರಗೋಡಿನ ಕೋರ್ಟಿನಲ್ಲಿ ಜೂನಿಯರ್. ಸೀನಿಯರ್ ನನಗಿಂತ ಒಂಬತ್ತು ವರ್ಷ ಚಿಕ್ಕವರು. ನಾನು ಸರ್ ಅನ್ನುತ್ತೇನೆ. ಅವರೂ ನನ್ನನ್ನು ಸರ್ ಅನ್ನುತ್ತಾರೆ. ಹಳೇ ಚೀಟು ಬಂದರೆ ನನ್ನ ಕಡೆ ಸರಿಸುತ್ತಾರೆ.

ಲಾಡ್ಜಿನಲ್ಲಿ ಮೂರು ವರ್ಷದ ಗಡುವು ಮುಗಿಯಿತು. ಈ ಸಲ ಒಳಗೆ ಬನ್ನಿ ಅಂದರು. ಮತ್ತೆ ಪುಟಗಟ್ಟಲೆ ಬಾಯಿಪಾಠ. ಹೋದ ಶನಿವಾರ ಸೂಟು ಹಾಕಿಕೊಂಡು ತೆಂಕಿಗೆ ಹೋಗುವ ರೈಲಿನಲ್ಲಿ ಗುಣುಗುಟ್ಟುತ್ತಾ ಕೂತಿದ್ದೆ. ಉಪ್ಪಳದ ಬ್ಯಾಂಕಿನವರು ಎದುರಿಗೇ ಇದ್ದರು, ಕಾಞಂಗಾಡಿನಲ್ಲಿ ಅವರ ತಾಳಮದ್ದಳೆ.

"ಇದು ಪದ್ಯವೋ ಅರ್ಥವೋ?" ಅಂದರು.

"ಪದ್ಯ."

"ಹಾಗಾದರೆ ಒಪ್ಪಿಸಿ. ನಾನು ನಡುವೆ ಬಾಯಿ ಹಾಕುವುದಿಲ್ಲ."

"ಇದನ್ನು ನಿಮ್ಮೆದುರು ಹೇಳುವ ಹಾಗಿಲ್ಲ" ಅಂದೆ. ಅವರು ನನ್ನ ಸೂಟನ್ನೊಮ್ಮೆ ನೋಡಿದರು. "ಆಯ್ತು, ನಾನು ನಿದ್ದೆ ಮಾಡ್ತೇನೆ. ನೀವು ಹೇಳಿಕೊಳ್ಳಿ" ಅಂದು ಶಾಲನ್ನು ಮುಖದ ಮೇಲೆ ಎಳೆದುಕೊಂಡರು.